ರಾತ್ರಿ ಎಂಟೂಕಾಲಿಗೆ ಆ ಬೀದಿ ಹೇಗಿರುತ್ತದೆ?

ಕಳೆದ ವಾರ ವಿರಾಜಪೇಟೆಯ ಹುಡುಗಿಯೊಬ್ಬಳು ಮೆಸೇಜ್ ಹಾಕಿದ್ದಳು. ನರ್ಸ್ ಕೆಲಸ ಸಿಕ್ಕಿದೆಯಂತೆ, ಫೆಬ್ರವರಿಯಲ್ಲಿ ನಾನಿರುವ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿಗೆ ಬರುತ್ತಾಳಂತೆ. "ಅಕ್ಕಾ, ಅಲ್ಲಿ ಯಾವ ಏರಿಯಾ ಸೇಫ್? ಎರಡು ಹೆಸರು ಹೇಳಿ ಸಾಕು, ಉಳಿದದ್ದು ನಾನು ನೋಡ್ಕೊಳ್ತೀನಿ." ಈ ವರ್ಷ ಇದೇ ಪ್ರಶ್ನೆ ಕೇಳಿದವರಲ್ಲಿ ಇವಳು ಮೂರನೆಯವಳು. ನಾನು ತಿರುಗಿ ಕೇಳಿದೆ, ನೀನು ಹೇಳು, ಸಿದ್ದಾಪುರ ಸೇಫಾ? ತಕ್ಷಣ ಉತ್ತರ ಬಂತು. "ಯಾವ ರಸ್ತೆ? ಎಷ್ಟು ಹೊತ್ತಿಗೆ?"

ಆನೆ ವಿಷಯದಲ್ಲಿ ನಮ್ಮ ಕೊಡಗಿನವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ನಮ್ಮಪ್ಪ ಸಿದ್ದಾಪುರದ ಹತ್ತಿರ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ಹಲಸು ಹಣ್ಣಾಗುವಾಗ ತೋಟದ ಯಾವ ಗೇಟಿನ ಕಡೆ ಸುಳಿಯಬಾರದು, ಗದ್ದೆಯಲ್ಲಿ ತೆನೆ ಬಿಟ್ಟಾಗ ಯಾವ ದಾರಿ ಬಿಟ್ಟು ಸುತ್ತಿ ಹೋಗಬೇಕು, ರಸ್ತೆಯಲ್ಲಿ ಬಿದ್ದ ಲದ್ದಿ ಹಸಿಯಾ ಒಣಗಿದ್ದಾ, ಬೆಳಗ್ಗೆ ಬೈಕ್ ಹತ್ತುವ ಮುಂಚೆ ವಾಟ್ಸಾಪ್ ಗುಂಪಿನಲ್ಲಿ "ಆನೆ ಇದೆ" ಅಂತ ಏನಾದರೂ ಬಂದಿದೆಯಾ, ಇದೆಲ್ಲ ತೋಟದ ಕೆಲಸಗಾರರ ಲೈನ್ ಮನೆಯ ಚಿಕ್ಕ ಮಕ್ಕಳಿಗೂ ಗೊತ್ತು. ಸಿದ್ದಾಪುರ ಅಪಾಯ ಅಂತ ಯಾರೂ ಊರು ಬಿಟ್ಟಿಲ್ಲ. ಒಂದೇ ರಸ್ತೆ ಮಧ್ಯಾಹ್ನ ಶಾಲೆ ಮಕ್ಕಳದ್ದು, ಕತ್ತಲಾದ ಮೇಲೆ ಆನೆಯದ್ದು. ಆದರೆ ವಿಮಾನ ಹತ್ತುವಾಗ ಈ ಬುದ್ಧಿಯನ್ನೆಲ್ಲ ಏರ್‌ಪೋರ್ಟಿನಲ್ಲೇ ಬಿಟ್ಟು ಬರುತ್ತೇವೆ. ನಾನೂ ಬಿಟ್ಟೇ ಬಂದಿದ್ದೆ.

ನಾನು ಇಲ್ಲಿಗೆ ಬಂದದ್ದು ಆಗಸ್ಟಿನಲ್ಲಿ. ಮೊದಲು ಕೆಲವು ವಾರ ಆಸ್ಪತ್ರೆಯವರೇ ಕೊಟ್ಟ ರೂಮು. ಆಮೇಲೆ ನಾವೇ ಹುಡುಕಿಕೊಳ್ಳಬೇಕು. ನಮ್ಮ ವಾರ್ಡಿನ ಇಂಡಿಯನ್ನರೆಲ್ಲ ಸೇರಿ ಒಂದು ಪಟ್ಟಿ ಕೊಟ್ಟರು. ಇಲ್ಲಿ ಹೋಗು, ಅಲ್ಲಿ ಕಾಲಿಡಬೇಡ, ಆ ಕಡೆ "ಅಂಥವರು" ಜಾಸ್ತಿ. "ಅಂಥವರು" ಅಂದರೆ ಯಾರು ಅಂತ ಕೇಳಿದರೆ ಸರಿಯಾಗಿ ಉತ್ತರ ಬರುತ್ತಿರಲಿಲ್ಲ, ಸುಮ್ನೆ ತಲೆ ಆಡಿಸುತ್ತಿದ್ದರು. ಪಟ್ಟಿಯಲ್ಲಿದ್ದ ಒಂದು ಒಳ್ಳೆ ಹೆಸರಿನ ಏರಿಯಾದಲ್ಲೇ ಫ್ಲಾಟ್ ಹಿಡಿದೆ. ಏಜೆಂಟ್ ತೋರಿಸಿದ್ದು ಸಂಜೆ ಏಳಕ್ಕೆ. ಹೊರಗೆ ಬಿಸಿಲು! ಮನೆ ಹಿಂದೆಯೇ ಕಾಲುವೆ. ಬರ್ಮಿಂಗ್‌ಹ್ಯಾಮಿನ ತುಂಬ ಹಳೇ ಕಾಲುವೆಗಳು, ಹಿಂದೆ ದೋಣಿಯಲ್ಲಿ ಕಲ್ಲಿದ್ದಲು ಸಾಗಿಸುತ್ತಿದ್ದರು, ಕುದುರೆ ದೋಣಿ ಎಳೆಯುತ್ತಿದ್ದ ಪಕ್ಕದ ಹಾದಿ ಈಗ ವಾಕಿಂಗ್ ಹೋಗುವವರದ್ದು. "ಈ ದಾರೀಲಿ ಹದಿನಾಲ್ಕು ನಿಮಿಷ, ಆಸ್ಪತ್ರೆ" ಅಂದ. ಬಾತುಕೋಳಿಗಳು, ಓಡುವವರು, ಐಸ್‌ಕ್ರೀಂ ತಿನ್ನುವ ಮಕ್ಕಳು. ವಿಡಿಯೋ ಮಾಡಿ ಅವ್ವನಿಗೆ ಕಳಿಸಿದೆ. ಅವ್ವ ನೋಡಿ, "ಹೊಳೆ ಪಕ್ಕ ಯಾಕೆ ಮನೆ ಮಾಡ್ದೆ?" ಅಂತ ಬೈದರು. ನಾನು ನಕ್ಕೆ.

ಅಕ್ಟೋಬರಿನ ಕೊನೇ ಭಾನುವಾರ ಇಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆಗೆ ಮುಳುಗುವ ಸೂರ್ಯ ಡಿಸೆಂಬರಿನಲ್ಲಿ ನಾಲ್ಕು ಗಂಟೆಯೊಳಗೇ ಮಾಯ. ನನ್ನ ಶಿಫ್ಟ್ ಮುಗಿಯುವುದು ರಾತ್ರಿ ಎಂಟಕ್ಕೆ, ಹ್ಯಾಂಡೋವರ್ ಮುಗಿಸಿ ಗೇಟು ದಾಟುವಾಗ ಎಂಟೂಕಾಲು. ಅದೇ ಕಾಲುವೆ ದಾರಿಯಲ್ಲಿ ಒಂದು ಲೈಟೂ ಇಲ್ಲ ಅನ್ನುವುದು ಆಗಲೇ ನನಗೆ ಕಂಡದ್ದು. ಸೇತುವೆ ಕೆಳಗೆ ನೀರು ತೊಟ್ಟಿಕ್ಕುವ ಸದ್ದು ಬಿಟ್ಟರೆ ಏನೂ ಕೇಳುವುದಿಲ್ಲ. ಒಂದು ಕಡೆ ನೀರು, ಇನ್ನೊಂದು ಕಡೆ ಗೋಡೆ. ಓಡಬೇಕೆಂದರೂ ಜಾಗವಿಲ್ಲ. ನವೆಂಬರಿನ ಒಂದು ರಾತ್ರಿ ಹಿಂದಿನಿಂದ ಲೈಟ್ ಇಲ್ಲದ ಸೈಕಲ್ ಬಂತು, ಟಾರ್ಚ್ ಹಾಕಿ ಹಿಡಿದಿದ್ದ ಫೋನ್ ಕೈಯಿಂದ ಹೋಯಿತು. ನನಗೇನೂ ಆಗಲಿಲ್ಲ. ಆದರೆ ಕತ್ತಲಲ್ಲಿ ಗೋಡೆ ತಡವಿಕೊಂಡು ಮೆಟ್ಟಿಲಿನವರೆಗೆ ಬಂದದ್ದು ಇನ್ನೂ ಕನಸಿನಲ್ಲಿ ಬರುತ್ತದೆ.

ಆಮೇಲೆ ಮುಖ್ಯರಸ್ತೆಯಲ್ಲಿ ಸುತ್ತಿ ಬಂದರೆ ಮೂವತ್ತೈದು ನಿಮಿಷ, ಬಸ್ಸಾದರೆ ಎರಡು ಬಸ್ಸು ಹತ್ತಬೇಕು. ಒಳ್ಳೆ ಏರಿಯಾದ ಮನೆಗೆ ಬಾಡಿಗೆ ಬೇರೆ, ಟ್ಯಾಕ್ಸಿ ಬೇರೆ. ಏಜೆಂಟ್ ಸುಳ್ಳು ಹೇಳಿರಲಿಲ್ಲ, ಅವನು ಹೇಳಿದ ಹದಿನಾಲ್ಕು ನಿಮಿಷ ನಿಜವೇ. ನಾನು ಆಗಸ್ಟಿನ ದಾರಿ ನೋಡಿ ನವೆಂಬರಿಗೆ ಮನೆ ಹಿಡಿದಿದ್ದೆ.

ಎರಡನೇ ಸಲ ಹುಡುಕುವಾಗ ಊರಿನ ಬುದ್ಧಿ ವಾಪಸ್ ಬಂತು. ಮೊದಲು ಬಸ್ ಹತ್ತಿದೆ. ಇಲ್ಲಿ 11 ನಂಬರ್ ಅಂತ ಒಂದು ಬಸ್ಸಿದೆ, ಊರಿನ ಹೊರಸುತ್ತು ಹಾಕುತ್ತದೆ, ಸುಮಾರು 26 ಮೈಲಿ. ಡಬಲ್ ಡೆಕ್ಕರ್. ಮೇಲೆ ಮುಂದಿನ ಸೀಟಿನಲ್ಲಿ ಕೂತರೆ ಬೇಲಿ, ಗೋಡೆ ಎಲ್ಲ ದಾಟಿ ಮನೆಗಳ ಅಂಗಳ ಕಾಣುತ್ತದೆ. ಎಲ್ಲಿ ಮಕ್ಕಳ ಸ್ಕೂಟರ್ ಹೊರಗೇ ಬಿದ್ದಿದೆ, ಎಲ್ಲಿ ಹಳೇ ಹಾಸಿಗೆ ರಸ್ತೆಗೆ ಎಸೆದು ತಿಂಗಳಾಗಿದೆ, ಎಲ್ಲಿ ಅಜ್ಜಿಯರು ಚೀಲ ಹಿಡಿದು ಒಬ್ಬರೇ ಇಳಿಯುತ್ತಾರೆ. ಎರಡು ರಜೆ ದಿನ ಅದರಲ್ಲೇ ಕಳೆದೆ. ಇಡೀ ದಿನದ ಪಾಸ್ ಒಂದು ಊಟದ ದುಡ್ಡಿಗಿಂತ ಕಮ್ಮಿ.

ಮನಸ್ಸಿಗೆ ಬಂದ ಬೀದಿಗಳನ್ನು ಪೊಲೀಸರ ಮ್ಯಾಪಿನಲ್ಲಿ ನೋಡಿದೆ. ಪೊಲೀಸ್ ಡಾಟ್ ಯುಕೆ ಅಂತ, 2011ರಿಂದ ಇದೆ. ಪೋಸ್ಟ್‌ಕೋಡ್ ಹಾಕಿದರೆ ಆ ತಿಂಗಳು ಸುತ್ತಮುತ್ತ ಏನೇನಾಯಿತು ಅಂತ ಬೀದಿ ಲೆಕ್ಕದಲ್ಲಿ ತೋರಿಸುತ್ತದೆ. ಇಲ್ಲಿನ ಪೋಸ್ಟ್‌ಕೋಡ್ ನಮ್ಮ ಪಿನ್‌ಕೋಡಿನ ಹಾಗಲ್ಲ, ಒಂದಕ್ಕೆ ಹದಿನೈದು ಮನೆ ಇದ್ದರೆ ಹೆಚ್ಚು ಕಡಿಮೆ ಅಷ್ಟೇ. ಮೊದಲ ಸಲ ನೋಡಿದವರಿಗೆ ಎದೆ ಝಲ್ಲೆನ್ನುತ್ತದೆ, ಎಲ್ಲಿ ನೋಡಿದರೂ ವೃತ್ತಗಳು, ವೃತ್ತದೊಳಗೆ ಅಂಕಿಗಳು. ಹೆದರಬೇಡಿ, ಬಿಡಿಸಿ ನೋಡಿ. ಸೂಪರ್‌ಮಾರ್ಕೆಟ್ ಮೇಲಿನ ದೊಡ್ಡ ಅಂಕಿಯಲ್ಲಿ ಬಹುಪಾಲು ಅಂಗಡಿ ಕಳ್ಳತನ, ಅದರಿಂದ ನಿಮಗೇನು? ದೊಡ್ಡ ಆಸ್ಪತ್ರೆಗಳ ಮೇಲೆ "ಹಿಂಸೆ" ಅಂತ ಅಂಕಿ ಕಂಡರೆ ಅದು ಏನು ಅಂತ ನಮ್ಮ ನರ್ಸ್‌ಗಳನ್ನು ಕೇಳಿ. ಕುಡಿದು ಬಂದವರ ಕೈಯಿಂದ ಒದೆ ತಿಂದವರು ನಾವೇ. ನಾನು ನೋಡುವುದು ಮೂರೇ. ಮನೆ ಕಳ್ಳತನ, ಕೈಯಿಂದ ಕಿತ್ತುಕೊಂಡು ಹೋಗುವುದು, ದರೋಡೆ. ಅದೂ ಒಂದು ತಿಂಗಳದ್ದು ನೋಡಿದರೆ ಪ್ರಯೋಜನವಿಲ್ಲ, ಬೇಸಿಗೆಯದ್ದೂ ಚಳಿಗಾಲದ್ದೂ ಎರಡೂ ನೋಡಬೇಕು.

ಇನ್ನೊಂದು ವಿಷಯ. ಆ ಮ್ಯಾಪಿನಲ್ಲಿ ಚುಕ್ಕಿ ಇರುವ ಕಡೆಯೇ ಘಟನೆ ನಡೆದಿರುವುದಿಲ್ಲ. ಯಾರ ಮನೆ ಅಂತ ಗೊತ್ತಾಗಬಾರದು ಅಂತ, ಮೊದಲೇ ಗುರುತು ಮಾಡಿಟ್ಟ ಜಾಗಗಳಲ್ಲಿ ಹತ್ತಿರದ್ದಕ್ಕೆ ಸರಿಸಿ ಹಾಕುತ್ತಾರೆ. ಎರಡು ತಿಂಗಳ ನಂತರ ನನ್ನ ಫೋನೂ ಅಲ್ಲಿ ಒಂದು ಅಂಕಿಯಾಗಿ ಬಂದಿತ್ತು. ಕಾಲುವೆ ಮೇಲೆ ಇರಲಿಲ್ಲ, ಮೇಲಿನ ಬೀದಿಯ ಹೆಸರಿನಲ್ಲಿತ್ತು. ಗುಲಾಬಿ ಗಿಡ ಬೆಳೆಸಿಕೊಂಡು ತಮ್ಮ ಪಾಡಿಗೆ ಇರುವ ನಾಲ್ಕು ಮುದುಕರ ಬೀದಿ ಅದು. ಪಾಪ, ಅದನ್ನು ನೋಡಿ ಯಾರು ಹೆದರಿ ಬೇರೆ ಕಡೆ ಹೋದರೋ.

ಹಾಗಾಗಿ ಮ್ಯಾಪ್ ನೋಡಿದ ಮೇಲೆ ನಡೆಯಲೇಬೇಕು, ಕಣ್ಣು ನೆಲದ ಮೇಲಿಟ್ಟು. ಸಾಲಾಗಿ ಕಾರು ನಿಲ್ಲಿಸಿದ ಕಡೆ, ರಸ್ತೆಯ ಅಂಚಿನಲ್ಲಿ ಕಲ್ಲುಸಕ್ಕರೆ ಚೆಲ್ಲಿದ ಹಾಗೆ ತಿಳಿಹಸಿರು ಗಾಜಿನ ಚೂರು ಬಿದ್ದಿದೆಯಾ? ಕಾರಿನ ಕಿಟಕಿ ಒಡೆದದ್ದು. ಒಂದು ಕಡೆ ಇದ್ದರೆ ಇರಲಿ. ಒಂದೇ ಬೀದಿಯಲ್ಲಿ ನಾಲ್ಕು ಕಡೆ, ಕೆಲವು ಹೊಸದು ಕೆಲವು ಕೆಸರಿನಲ್ಲಿ ಹೂತದ್ದು ಕಂಡರೆ, ಲದ್ದಿ ಹಸಿಯಾ ಒಣಗಿದ್ದಾ ಅಂತ ನೋಡಿದ ಹಾಗೇ ಲೆಕ್ಕ ಹಾಕಿಕೊಳ್ಳಿ. ಸ್ಟೀರಿಂಗಿಗೆ ದಪ್ಪ ಹಳದಿ ಬೀಗ ಹಾಕಿದ ಕಾರು ಎಷ್ಟಿವೆ ನೋಡಿ. ಮೂಲೆ ಅಂಗಡಿಗೆ ಹೋಗಿ, ಮಗುವಿನ ಹಾಲಿನಪುಡಿಗೂ ಚೀಸಿಗೂ ಕದ್ದೊಯ್ದರೆ ಸೈರನ್ ಕೂಗುವ ಟ್ಯಾಗ್ ಅಂಟಿಸಿದ್ದಾರಾ ನೋಡಿ. ಈಗ ಅದು ಎಷ್ಟೋ ಕಡೆ ಇದೆ, ಅದೊಂದರಿಂದಲೇ ತೀರ್ಮಾನ ಮಾಡಬೇಡಿ.

ಅಂಗಡಿಯವನನ್ನು "ಇಲ್ಲಿ ಸೇಫಾ?" ಅಂತ ಕೇಳಬೇಡಿ, ಅವನ ವ್ಯಾಪಾರ ಇರುವುದು ಅಲ್ಲೇ, ಸೇಫ್ ಅಂತಲೇ ಹೇಳುತ್ತಾನೆ. "ರಾತ್ರಿ ಎಷ್ಟಕ್ಕೆ ಶಟರ್ ಎಳೀತೀರಿ?" ಅಂತ ಕೇಳಿ. ನಾನು ಕೇಳಿದ ಒಬ್ಬ ಗುಜರಾತಿ ಅಂಕಲ್, ಹತ್ತೂವರೆ ಅಂದರು, ಶುಕ್ರವಾರ ಮಾತ್ರ ಒಂಬತ್ತು. ಯಾಕೆ ಅಂದೆ. ಪಬ್ಬಿನವರು ಬಂದು ಬಾಗಿಲಲ್ಲೇ ವಾಂತಿ ಮಾಡುತ್ತಾರಂತೆ. ನನಗೆ ಬೇಕಿದ್ದ ಉತ್ತರ ಅದರಲ್ಲೇ ಇತ್ತು. ಹತ್ತೂವರೆವರೆಗೆ ಆ ಮೂಲೆಯಲ್ಲಿ ಬೆಳಕು, ಒಬ್ಬ ಪರಿಚಯದ ಮನುಷ್ಯ. ಶುಕ್ರವಾರಕ್ಕೆ ಬೇರೆ ದಾರಿ.

ಏರಿಯಾದ ಹೆಸರು ಕೆಟ್ಟರೆ ಎಷ್ಟು ವರ್ಷ ಉಳಿಯುತ್ತದೆ ಗೊತ್ತಾ? ಹ್ಯಾಂಡ್ಸ್‌ವರ್ತ್ ಅಂದರೆ ಇಲ್ಲಿನ ಹಳಬರು ಈಗಲೂ 1985ರ ಗಲಭೆ ಎತ್ತುತ್ತಾರೆ. ನಾನು ಹುಟ್ಟುವುದಕ್ಕೂ ಮುಂಚಿನ ಕಥೆ. ಅಲ್ಲಿನ ಸೋಹೋ ರೋಡಿನಲ್ಲಿ ಸಂಜೆ ಕಾಲಿಡಲು ಜಾಗವಿಲ್ಲದಷ್ಟು ಜನ, ಪಂಜಾಬಿ ಬಟ್ಟೆ ಅಂಗಡಿ, ಸಿಹಿ ಅಂಗಡಿ. ಕೊತ್ತಂಬರಿ ಸೊಪ್ಪು ಕಟ್ಟುಗಟ್ಟಲೆ ಸಿಗುತ್ತದೆ. ಅಲ್ಲಿ ಕಳ್ಳತನ ಇಲ್ಲವೇ ಇಲ್ಲ ಅಂತ ಹೇಳುತ್ತಿಲ್ಲ. ಆದರೆ ಜನ ಓಡಾಡುವ ಬೀದಿಗೂ, ಬರೀ ಗೋಡೆ ಇರುವ ಬೀದಿಗೂ ರಾತ್ರಿ ಹೊತ್ತಿನಲ್ಲಿ ಎಷ್ಟು ವ್ಯತ್ಯಾಸ ಅಂತ ಒಬ್ಬಳೇ ನಡೆದವಳಿಗೆ ಗೊತ್ತು. ಸದ್ದನ್ನೂ ಅಪಾಯ ಅಂದುಕೊಳ್ಳಬಾರದು. ವಿಲ್ಲಾ ಪಾರ್ಕ್ ಸ್ಟೇಡಿಯಂ ಕಡೆ ಫುಟ್‌ಬಾಲ್ ದಿನ ಸಾವಿರಾರು ಜನ ಕೂಗುತ್ತಾ ಬರುತ್ತಾರೆ, ಮೊದಲ ಸಲ ಗಾಬರಿಯಾಗಿ ಬಸ್ ಸ್ಟಾಪಿನ ಹಿಂದೆ ನಿಂತಿದ್ದೆ. ನಾಪೋಕ್ಲಿನಲ್ಲಿ ಹಾಕಿ ಹಬ್ಬದ ಫೈನಲ್ ದಿನ ಹೊರಗಿನವರು ಬಂದರೆ ಅವರಿಗೂ ಹಾಗೇ ಅನಿಸಬಹುದು ಅಲ್ವಾ.

ಮನೆಯೊಳಗೆ ಹೋದ ಮೇಲೆ ಅಡುಗೆಮನೆ ಚೆಂದ ನೋಡಿ ಮರುಳಾಗಬೇಡಿ, ನಾನಾಗಿದ್ದೆ. ನೆಲಮಹಡಿಯ ಕಿಟಕಿ ಬೀಗ ಬೀಳುತ್ತದಾ, ಹಿಂಬದಿಯಲ್ಲಿ ಸಾಲುಮನೆಗಳ ನಡುವಿನ ಓಣಿಗೆ ಗೇಟಿದೆಯಾ, ಮುಂಬಾಗಿಲಿಗೆ ಎರಡು ಬೀಗವಿದೆಯಾ ನೋಡಿ. ಬಾಗಿಲಿನಲ್ಲೇ ಕಾಗದ ಹಾಕುವ ಸೀಳು ಇರುತ್ತದೆ. ಅದರೊಳಗೆ ಕೋಲು ತೂರಿಸಿ, ನಾವು ತೋಡಿನಲ್ಲಿ ಗಾಳ ಹಾಕಿ ಮೀನು ಹಿಡಿದ ಹಾಗೆ, ಗೋಡೆಗೆ ನೇತುಹಾಕಿದ ಕಾರಿನ ಕೀ ಎಳೆದುಕೊಳ್ಳುವ ಕಳ್ಳರಿದ್ದಾರೆ. ಕೀ ಬಾಗಿಲ ಹತ್ತಿರ ಇಡಬೇಡಿ. ಒಂದು ಸುಲಭದ ಉಪಾಯವೂ ಇದೆ. ಎರಡು ಮನೆಯಲ್ಲಿ ಯಾವುದು ಅಂತ ಗೊತ್ತಾಗದಿದ್ದರೆ ಎರಡೂ ಪೋಸ್ಟ್‌ಕೋಡ್ ಹಾಕಿ ಸಾಮಾನುಗಳ ಇನ್ಶೂರೆನ್ಸ್ ಎಷ್ಟಾಗುತ್ತದೆ ಕೇಳಿ, ಉಳಿದ ವಿವರವೆಲ್ಲ ಒಂದೇ ಇರಲಿ. ಕಂಪನಿಯವರು ನೆಂಟಸ್ತಿಕೆ ನೋಡುವುದಿಲ್ಲ, ದುಡ್ಡಿನಲ್ಲೇ ಹೇಳಿಬಿಡುತ್ತಾರೆ.

ಅವ್ವನ ಬೈಗುಳವೂ ಸುಳ್ಳಾಗಲಿಲ್ಲ. ಸೆಲ್ಲಿ ಪಾರ್ಕ್ ಕಡೆ ರೇ ಅಂತ ಒಂದು ನದಿ ಹರಿಯುತ್ತದೆ, ನಮ್ಮ ಲೆಕ್ಕಕ್ಕೆ ಒಂದು ತೋಡು. 2018ರ ಮೇ ತಿಂಗಳ ಒಂದು ಭಾನುವಾರ ಸುರಿದ ಮಳೆಗೆ ಆ ಕಡೆ ಬೀದಿ ಬೀದಿಗೆ ನೀರು ನುಗ್ಗಿತ್ತು. ಅದೇ ವರ್ಷ ಆಗಸ್ಟಿನಲ್ಲಿ ನಮ್ಮ ಮಕ್ಕಂದೂರು, ಜೋಡುಪಾಲದಲ್ಲಿ ಗುಡ್ಡವೇ ಜಾರಿದ್ದನ್ನು ಕಂಡವರು ನಾವು. ಇಲ್ಲಿ ಸರ್ಕಾರದ ವೆಬ್‌ಸೈಟಿನಲ್ಲಿ ಪೋಸ್ಟ್‌ಕೋಡ್ ಹಾಕಿದರೆ ಆ ಮನೆಯ ಸುತ್ತಮುತ್ತ ಪ್ರವಾಹದ ಅಪಾಯ ಎಷ್ಟು ಅಂತ ತೋರಿಸುತ್ತದೆ, ದುಡ್ಡಿಲ್ಲ. ಎರಡು ನಿಮಿಷದ ಕೆಲಸ.

ದುಡ್ಡಿನ ಮಾತು ಬೇಗ ಹೇಳಿಬಿಡುತ್ತೇನೆ. ಮನೆ ನೋಡದೆ ಒಂದು ಪೌಂಡೂ ಕಳಿಸಬೇಡಿ. "ನಾನು ಹೊರದೇಶದಲ್ಲಿದ್ದೇನೆ, ಕೀ ಕೊರಿಯರ್ ಮಾಡುತ್ತೇನೆ" ಅಂದರೆ ಅದು ಮೋಸವೇ. ಮನೆ ಹಿಡಿದಿಟ್ಟುಕೊಳ್ಳಲು ಒಂದು ವಾರದ ಬಾಡಿಗೆಗಿಂತ ಜಾಸ್ತಿ ಕೇಳುವಂತಿಲ್ಲ, ಡೆಪಾಸಿಟ್ ಸಾಮಾನ್ಯವಾಗಿ ಐದು ವಾರದ ಬಾಡಿಗೆ ದಾಟುವಂತಿಲ್ಲ, ಅದನ್ನು 30 ದಿನದೊಳಗೆ ಸರ್ಕಾರ ಒಪ್ಪಿದ ಸ್ಕೀಮಿನಲ್ಲಿ ಇಡಬೇಕು. 2019ರಿಂದ ಇಂಗ್ಲೆಂಡಿನಲ್ಲಿ ಬಾಡಿಗೆದಾರರಿಂದ ಕೀಳುವ ಶುಲ್ಕಕ್ಕೆಲ್ಲ ಕಡಿವಾಣ ಇದೆ.

ಮತ್ತೆ, ಬ್ಯಾಗಿನಲ್ಲಿ ಪೆಪ್ಪರ್ ಸ್ಪ್ರೇ ಹಾಕಿಕೊಂಡು ಬರಬೇಡಿ. ಇಲ್ಲಿ ಅದು ಬಂದೂಕಿನ ಕಾನೂನಿನಡಿ ನಿಷೇಧಿತ ಆಯುಧ. ಕೊಡವರಿಗೂ, ಜಮ್ಮಾ ಅನ್ನುವ ವಂಶಪಾರಂಪರ್ಯದ ಜಮೀನಿನ ಹಿಡುವಳಿದಾರರಿಗೂ ಕೋವಿಗೇ ಲೈಸೆನ್ಸ್ ವಿನಾಯಿತಿ ಇರುವ ಜಿಲ್ಲೆಯಿಂದ ಬಂದವಳಿಗೆ ಇದನ್ನು ಕೇಳಿ ನಗು ಬಂದಿತ್ತು. ತುರ್ತಿಗೆ 999, ತುರ್ತಿಲ್ಲದ ದೂರಿಗೆ 101.

ಈಗ ನಾನಿರುವುದು ಪಟ್ಟಿಯಲ್ಲಿ "ಕಾಲಿಡಬೇಡ" ಅಂದಿದ್ದ ಏರಿಯಾದಲ್ಲೇ. ಬಸ್ಸಿಳಿದರೆ ಮೂರು ನಿಮಿಷ. ದಾರಿಯಲ್ಲಿ ಗುಜರಾತಿ ಅಂಕಲ್ ಅಂಗಡಿ, ಆಮೇಲೆ ಹನ್ನೊಂದರವರೆಗೆ ತೆರೆದಿರುವ ಚಿಕನ್ ಅಂಗಡಿ. ಎಣ್ಣೆ ವಾಸನೆ ಕಿಟಕಿಯಿಂದ ಬರುತ್ತದೆ, ಬಟ್ಟೆಗೂ ಹಿಡಿಯುತ್ತದೆ. ಒಮ್ಮೆ ಪಕ್ಕದ ಮನೆಯವರ ಸೈಕಲ್ ಕಳುವಾಯಿತು.

ವಿರಾಜಪೇಟೆಯವಳಿಗೆ ಏರಿಯಾದ ಹೆಸರು ಕೊಡಲಿಲ್ಲ. ನಿನ್ನ ಶಿಫ್ಟ್ ಎಷ್ಟಕ್ಕೆ ಮುಗಿಯುತ್ತದೆ ಕೇಳಿ ಹೇಳು ಅಂದೆ. ಎಂಟು ಅಂತೆ, ನನ್ನದೇ ಕಥೆ. ಅವಳು ಎರಡು ವಿಳಾಸ ಕಳಿಸಿದ್ದಾಳೆ. ಬರುವ ಗುರುವಾರ ನನಗೆ ರಜೆ. ಎಂಟೂಕಾಲಿಗೆ ಅವಳ ಆಸ್ಪತ್ರೆಯ ಗೇಟಿನಿಂದ ಹೊರಟು ಎರಡೂ ಮನೆಯವರೆಗೆ ನಡೆದು ನೋಡುತ್ತೇನೆ, ವಿಡಿಯೋ ಕಾಲ್ ಮಾಡೋಣವೆಂದರೆ ಆಗ ಅವಳಿಗೆ ನಡುರಾತ್ರಿ ಎರಡು ಗಂಟೆ ಸಮೀಪ. "ಎದ್ದಿರ್ತೀನಿ ಅಕ್ಕಾ" ಅಂದಿದ್ದಾಳೆ. ಅವತ್ತು ಮಳೆ ಬರಲಿ ಅಂದುಕೊಂಡಿದ್ದೇನೆ.