ಓಡದ ಸಾಮಾನು: ಷೆವರ್ಲೆ ಭಾರತ ಬಿಟ್ಟ ವರ್ಷ ಸ್ಪೇರ್ಸ್ ಕೌಂಟರಿನಲ್ಲಿ ನಾನು ಹಾಕಿದ ತಪ್ಪು ಲೆಕ್ಕ

2017ರ ಮೇ 18ರಂದು ಜನರಲ್ ಮೋಟರ್ಸ್ ಕಂಪನಿಯು, ಆ ವರ್ಷದ ಕೊನೆಯ ಹೊತ್ತಿಗೆ ಭಾರತದಲ್ಲಿ ಷೆವರ್ಲೆ ಕಾರುಗಳ ಮಾರಾಟವನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಆಗ ನಾನು ಮಧ್ಯ ಕರ್ನಾಟಕದ ಒಂದು ಜಿಲ್ಲಾ ಕೇಂದ್ರದಲ್ಲಿ, ಪಿ.ಬಿ. ರಸ್ತೆಯ ಬದಿಯಲ್ಲಿದ್ದ ಡೀಲರೊಬ್ಬರ ವರ್ಕ್‌ಶಾಪಿನಲ್ಲಿ ಬಿಡಿಭಾಗಗಳ ವಿಭಾಗವನ್ನು ನೋಡಿಕೊಳ್ಳುತ್ತಿದ್ದೆ. ಷೋರೂಮಿನ ಹುಡುಗರು ಆ ದಿನವೇ ಬೇರೆ ಕಂಪನಿಗಳಿಗೆ ಅರ್ಜಿ ಹಾಕತೊಡಗಿದರು. ವರ್ಕ್‌ಶಾಪಿನವರಾದ ನಮಗೆ ಅಷ್ಟು ಅವಸರವಿರಲಿಲ್ಲ. ಮಾರಾಟ ನಿಂತರೂ ಸರ್ವಿಸ್ ಮತ್ತು ಬಿಡಿಭಾಗಗಳ ಪೂರೈಕೆ ಮುಂದುವರಿಯುತ್ತದೆಂದು ಕಂಪನಿ ಹೇಳಿತ್ತು. ಆರ್ಡರ್ ಹಾಕಲು ಬೇಕಾದಷ್ಟು ಕಾಲವೂ ಇತ್ತು. ಆ ಕಾಲದಲ್ಲಿ ಏನು ತರಿಸಬೇಕು, ಏನನ್ನು ಬಿಡಬೇಕು ಎಂದು ತೀರ್ಮಾನಿಸಬೇಕಾದವನು ನಾನು. ನನ್ನ ತೀರ್ಮಾನ ತಪ್ಪಾಯಿತು. ಆ ತಪ್ಪಿನ ಬಗೆಯನ್ನು ಈ ಕೆಲಸದಲ್ಲಿರುವ ಇತರರಿಗಾಗಿ ಬರೆದಿಡುತ್ತಿದ್ದೇನೆ.

ಕಂಪನಿ ಹೋಗುತ್ತದೆ ಎಂಬುದು ನಮಗೆ ಸಿಡಿಲಿನಂತೆ ಬಂದ ಸುದ್ದಿಯೇನೂ ಆಗಿರಲಿಲ್ಲ. 2003ರಲ್ಲಿ ಇಲ್ಲಿಗೆ ಬಂದ ಷೆವರ್ಲೆ ಹೆಸರು ಟವೇರಾ, ಸ್ಪಾರ್ಕ್, ಬೀಟ್ ಕಾರುಗಳಿಂದ ಬೆಳೆದು, 2010 ಮತ್ತು 2011ರಲ್ಲಿ ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಕಾರುಗಳನ್ನು ಮಾರಿತ್ತು. 2013ರಲ್ಲಿ ಹೊಗೆ ಪರೀಕ್ಷೆಯ ವಿಚಾರದಲ್ಲಿ 1.14 ಲಕ್ಷ ಟವೇರಾಗಳನ್ನು ಹಿಂದಕ್ಕೆ ಕರೆಸಬೇಕಾಯಿತು. 2015ರ ಜುಲೈಯಲ್ಲಿ ಕಂಪನಿಯ ಮುಖ್ಯಸ್ಥೆ ಮೇರಿ ಬಾರಾ ನೂರು ಕೋಟಿ ಡಾಲರುಗಳ ಹೊಸ ಹೂಡಿಕೆಯನ್ನು ಪ್ರಕಟಿಸಿದಾಗ ನಮ್ಮ ಯಜಮಾನರು ಸಿಹಿ ಹಂಚಿದ್ದರು. ಮರುವರ್ಷ ಆ ಹೂಡಿಕೆಗೆ ತಡೆ ಬಿತ್ತು. 2016-17ರಲ್ಲಿ ದೇಶದಲ್ಲೆಲ್ಲ ಸೇರಿ ಮಾರಾಟವಾದದ್ದು 25,823 ಕಾರುಗಳು, ಅಂದರೆ ಮಾರುಕಟ್ಟೆಯ ಶೇಕಡಾ ಒಂದಕ್ಕಿಂತ ಕಡಿಮೆ. ಗುಜರಾತಿನ ಹಾಲೋಲ್ ಕಾರ್ಖಾನೆ 2017ರ ಏಪ್ರಿಲಿನಲ್ಲಿ ಬಾಗಿಲು ಹಾಕಿತು. ಇಷ್ಟೆಲ್ಲ ಕಣ್ಣೆದುರಿಗಿದ್ದರೂ ನಾನು ಮೇ ತಿಂಗಳವರೆಗೆ ಎಂದಿನಂತೆಯೇ ಆರ್ಡರ್ ಹಾಕುತ್ತಿದ್ದೆ.

ಬಿಡಿಭಾಗಗಳ ಕೆಲಸ ಕಲಿಯುವವನಿಗೆ ಮೊದಲ ದಿನದಿಂದಲೇ ತಲೆಗೆ ತುಂಬುವ ಪಾಠವೊಂದಿದೆ: ಓಡುವ ಸಾಮಾನು ಚಿನ್ನ, ಓಡದ ಸಾಮಾನು ಕಸ. ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಬ್ರೇಕ್ ಪ್ಯಾಡ್, ವೈಪರ್ ಬ್ಲೇಡ್ ಮುಂತಾದವು ಫಾಸ್ಟ್ ಮೂವಿಂಗ್. ಕ್ಲಚ್, ಶಾಕ್ ಅಬ್ಸಾರ್ಬರ್ ಇತ್ಯಾದಿ ಸ್ಲೋ ಮೂವಿಂಗ್. ಹನ್ನೆರಡು ತಿಂಗಳಲ್ಲಿ ಒಮ್ಮೆಯೂ ಬಿಲ್ ಆಗದೆ ಉಳಿದದ್ದು ನಾನ್ ಮೂವಿಂಗ್. ತಿಂಗಳ ವರದಿಯಲ್ಲಿ ಈ ಮೂರನೆಯ ಪಟ್ಟಿ ಕೆಂಪು ಬಣ್ಣದಲ್ಲಿ ಬರುತ್ತದೆ, ಅದರ ಮೊತ್ತ ಹೆಚ್ಚಿದಷ್ಟೂ ಯಜಮಾನರ ಮುಖ ಗಂಟಾಗುತ್ತದೆ. ನಮ್ಮ ರ‍್ಯಾಕುಗಳಲ್ಲಿ ಆ ಕೆಂಪು ಪಟ್ಟಿಗೆ ಸೇರಿದ್ದವುಗಳೆಂದರೆ ಹೆಚ್ಚಾಗಿ ಬಾಡಿ ಪಾರ್ಟ್ಸ್: ಬಂಪರ್, ಫೆಂಡರ್, ಹೆಡ್‌ಲ್ಯಾಂಪ್, ಬಾಗಿಲಿನ ಹಿಡಿ, ಕನ್ನಡಿ, ಒಂದೆರಡು ಬಾನೆಟ್. ಅಪಘಾತವಾದಾಗ ಮಾತ್ರ ಬೇಕಾಗುವ, ಜಾಗ ತಿನ್ನುವ, ಧೂಳು ಹಿಡಿಯುವ ಸಾಮಾನು.

ಆ ವರ್ಷ ಇನ್ನೊಂದು ಒತ್ತಡವೂ ಸೇರಿಕೊಂಡಿತು. ಜುಲೈ 1ರಿಂದ ಜಿಎಸ್‌ಟಿ ಜಾರಿಗೆ ಬರುವುದಿತ್ತು, ಬಿಡಿಭಾಗಗಳಿಗೆ ಶೇಕಡಾ 28ರ ದರ ನಿಗದಿಯಾಗಿತ್ತು. ನಮ್ಮ ಬಳಿ ಉಳಿದ ದಾಸ್ತಾನಿನ ಮೇಲೆ ಹಿಂದೆ ಕಟ್ಟಿದ ಸುಂಕಕ್ಕೆ ಸ್ವಲ್ಪ ಜಮೆ ಸಿಗುತ್ತಿತ್ತಾದರೂ, ಖರೀದಿಯ ಬಿಲ್ಲು ಹನ್ನೆರಡು ತಿಂಗಳಿಗಿಂತ ಹಳೆಯದಾಗಿದ್ದರೆ ಆ ಜಮೆ ದಕ್ಕುತ್ತಿರಲಿಲ್ಲ. ಅಂದರೆ ನಾನ್ ಮೂವಿಂಗ್ ಪಟ್ಟಿಯಲ್ಲಿದ್ದ ಸಾಮಾನು ಮೊದಲೇ ಕಸ, ಈಗ ತೆರಿಗೆಯ ಲೆಕ್ಕದಲ್ಲಿಯೂ ಕಸ. ಕಂಪನಿಯೇ ಹೋಗುತ್ತಿರುವಾಗ ಇದನ್ನು ಇಟ್ಟುಕೊಂಡು ಏನು ಮಾಡುವುದೆಂದು ನಾನೇ ಯಜಮಾನರಿಗೆ ಟಿಪ್ಪಣಿ ಬರೆದು, ಜೂನ್ ತಿಂಗಳಲ್ಲಿ ಬಾಡಿ ಪಾರ್ಟ್ಸ್‌ನ ಬಹುಭಾಗವನ್ನು ಹೊರಗಿನ ವ್ಯಾಪಾರಿಯೊಬ್ಬರಿಗೆ ಸಗಟಾಗಿ, ಹೆಚ್ಚುಕಡಿಮೆ ಗುಜರಿ ಬೆಲೆಗೆ ಕೊಟ್ಟುಬಿಟ್ಟೆ. ಕೈಗೆ ಬಂದ ದುಡ್ಡಿನಲ್ಲಿ, ಮುಂದೆ ಸಿಗದೆ ಹೋದೀತೆಂಬ ಭಯದಿಂದ, ಫಿಲ್ಟರ್, ಬ್ರೇಕ್ ಪ್ಯಾಡ್ ಮತ್ತು ಬೆಲ್ಟುಗಳನ್ನು ಎರಡು ವರ್ಷಕ್ಕಾಗುವಷ್ಟು ತರಿಸಿ ತುಂಬಿಸಿದೆ. ಖಾಲಿಯಾದ ರ‍್ಯಾಕುಗಳ ಫೋಟೋ ತೆಗೆದು ವರದಿಗೆ ಲಗತ್ತಿಸಿದ್ದು ಈಗಲೂ ನೆನಪಿದೆ. ಯಜಮಾನರು ಮೆಚ್ಚಿಕೊಂಡರು.

ಒಪ್ಪದೆ ಇದ್ದವರು ನಮ್ಮ ಹಿರಿಯ ಸ್ಟೋರ್‌ಕೀಪರ್ ಒಬ್ಬರೇ. ಅವರು ಹಿಂದೆ ಓಪೆಲ್ ಕಾರುಗಳ ವರ್ಕ್‌ಶಾಪಿನಲ್ಲಿದ್ದವರು. ಓಪೆಲ್ ಕೂಡ ಇದೇ ಜನರಲ್ ಮೋಟರ್ಸ್‌ನ ಹೆಸರು. 1996ರಲ್ಲಿ ಆಸ್ಟ್ರಾ ಕಾರಿನೊಂದಿಗೆ ಇಲ್ಲಿಗೆ ಬಂದು, ಷೆವರ್ಲೆ ನೆಲೆಯೂರಿದ ಮೇಲೆ 2006ರಲ್ಲಿ ಇಲ್ಲಿಂದ ಮರೆಯಾಯಿತು. ಕೊರ್ಸಾ ಕಾರಿನವರು ಹಿಂದಿನ ದೀಪದ ಗಾಜಿಗಾಗಿ ಊರೂರು ಅಲೆದದ್ದನ್ನು ಅವರು ಕಂಡಿದ್ದರು. ಲಾರಿಗೆ ಬಂಪರುಗಳನ್ನು ಏರಿಸುವಾಗ ಪಕ್ಕದಲ್ಲಿ ನಿಂತು, "ಓಡೋ ಸಾಮಾನು ಎಲ್ಲಾದ್ರೂ ಸಿಗ್ತವೆ ತಮ್ಮಾ. ಓಡದೇ ಇರೋವ್ನ ಇಟ್ಕೋ" ಎಂದರು. ವಯಸ್ಸಾದವರ ಕೂಡಿಡುವ ಚಪಲವೆಂದು ನಾನು ಅದನ್ನು ನಗುತ್ತಲೇ ತಳ್ಳಿಹಾಕಿದೆ.

ಅವರ ಮಾತಿನ ಅರ್ಥ ಬಿಡಿಸಿಕೊಳ್ಳಲು ನನಗೆ ಒಂದೂವರೆ ವರ್ಷ ಬೇಕಾಯಿತು. ಫಿಲ್ಟರನ್ನಾಗಲಿ ಬ್ರೇಕ್ ಪ್ಯಾಡನ್ನಾಗಲಿ ಕಾರು ಕಂಪನಿ ತಾನೇ ತಯಾರಿಸುವುದಿಲ್ಲ. ಅವುಗಳನ್ನು ಮಾಡುವ ಬೇರೆ ಕಾರ್ಖಾನೆಗಳು ತಮ್ಮದೇ ಹೆಸರಿನ ಡಬ್ಬಿಯಲ್ಲಿ ಹೊರಗಿನ ಅಂಗಡಿಗಳಿಗೂ ಮಾರುತ್ತವೆ. ರಸ್ತೆಯಲ್ಲಿ ಕಾರುಗಳಿರುವವರೆಗೆ ಅವುಗಳಿಗೆ ಗಿರಾಕಿ ಇರುತ್ತದೆ, ಗಿರಾಕಿ ಇರುವವರೆಗೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಆ ಸಾಮಾನು ಇರುತ್ತದೆ. ಇಂಜಿನ್ನಿನ ವಿಷಯದಲ್ಲಿಯೂ ನಮಗೆ ಅದೃಷ್ಟವಿತ್ತು. ಷೆವರ್ಲೆಯ ಸೇಲ್ ಮತ್ತು ಎಂಜಾಯ್ ಎಂಬ ಕಾರುಗಳ 1.3 ಲೀಟರ್ ಡೀಸೆಲ್ ಇಂಜಿನ್ ಮೂಲತಃ ಫಿಯೆಟ್‌ನ ಮಲ್ಟಿಜೆಟ್, ಸ್ವಿಫ್ಟ್ ಡೀಸೆಲ್ಲಿನಲ್ಲಿ ಲಕ್ಷಗಟ್ಟಲೆ ಓಡುತ್ತಿದ್ದ ಇಂಜಿನ್ನಿನ ಒಡಹುಟ್ಟು. ಬೀಟ್‌ನ ಮೂರು ಸಿಲಿಂಡರಿನ ಡೀಸೆಲ್ ಇಂಜಿನ್ ಕೂಡ ಅದರಿಂದಲೇ ಹುಟ್ಟಿದ್ದು. ಆದ್ದರಿಂದ ಇಂಜಿನ್ ಬಿಚ್ಚಬಲ್ಲ ಮೇಸ್ತ್ರಿಗಳು ಪ್ರತಿ ತಾಲ್ಲೂಕಿನಲ್ಲಿಯೂ ಇದ್ದರು. ಸ್ಪಾರ್ಕ್ ಕಾರಿಗೆ ಹಳೆಯ ದೇವೂ ಮಟೀಜ್‌ನ ನಂಟು, ಟವೇರಾಕ್ಕೆ ಇಸುಜುವಿನ ನಂಟು. ಹೀಗೆ ಕಾರಿನ ಒಳಗಿನ ಭಾಗಗಳಿಗೆಲ್ಲ ಎಲ್ಲೋ ಒಂದು ಕಡೆ ಬಂಧುಬಳಗವಿತ್ತು. ಆದರೆ ಕಾರಿನ ಮುಖಕ್ಕೆ ಬಂಧುಗಳಿಲ್ಲ. ಬೀಟ್‌ನ ಹೆಡ್‌ಲ್ಯಾಂಪ್ ಬೀಟ್ ಕಾರಿಗೆ ಬಿಟ್ಟು ಬೇರಾವ ಕಾರಿಗೂ ಕೂರುವುದಿಲ್ಲ, ಹೊಸ ಕಾರಿನ ಮಾರಾಟವಿಲ್ಲದ ಮೇಲೆ ಅದನ್ನು ನಕಲು ಮಾಡಿ ಮಾರುವ ಉಮೇದು ಹೊರಗಿನವರಿಗೂ ಹೆಚ್ಚಿರುವುದಿಲ್ಲ.

2019ರ ಮಳೆಗಾಲದಲ್ಲಿ ನಿವೃತ್ತ ಹೈಸ್ಕೂಲ್ ಮೇಷ್ಟ್ರೊಬ್ಬರು ತಮ್ಮ ಬೀಟ್ ಕಾರನ್ನು ತಂದರು. ಹೊಲದ ರಸ್ತೆಯಲ್ಲಿ ಎಮ್ಮೆ ಅಡ್ಡ ಬಂದು ಎಡಗಡೆಯ ಹೆಡ್‌ಲ್ಯಾಂಪ್ ಒಡೆದಿತ್ತು, ಫೆಂಡರ್ ಒಳಕ್ಕೆ ಹೋಗಿತ್ತು. ಕಂಪನಿ ಹೋಗುವ ಸುದ್ದಿ ಬಂದ ವಾರದಲ್ಲಿಯೇ ಅವರು ಕೌಂಟರಿಗೆ ಬಂದು, "ಏನಪ್ಪಾ, ನನ್ನ ಗಾಡಿಗೆ ಇನ್ನು ಸಾಮಾನು ಸಿಗುತ್ತೋ ಇಲ್ಲವೋ?" ಎಂದು ಕೇಳಿದ್ದರು. "ನೀವು ಯೋಚನೆ ಬಿಡಿ ಮೇಷ್ಟ್ರೇ, ನಮ್ಮಲ್ಲಿ ಎಲ್ಲ ಇದೆ" ಎಂದು ಹೇಳಿದ್ದವನು ನಾನೇ. ಆ ದಿನ ಅದು ನಿಜವೇ ಆಗಿತ್ತು. ಮುಂದಿನ ತಿಂಗಳು ನಾನೇ ಅದನ್ನು ಸುಳ್ಳು ಮಾಡಿದೆ. ಈಗ ನನ್ನ ರ‍್ಯಾಕಿನಲ್ಲಿ ಬೀಟ್‌ನ ಆಯಿಲ್ ಫಿಲ್ಟರುಗಳು ಸಾಲಾಗಿ ಕುಳಿತಿದ್ದವು, ಎಡಗಡೆಯ ಹೆಡ್‌ಲ್ಯಾಂಪ್ ಒಂದೂ ಇರಲಿಲ್ಲ. ಸಗಟಾಗಿ ಕೊಂಡಿದ್ದ ವ್ಯಾಪಾರಿಗೆ ಫೋನ್ ಮಾಡಿದರೆ, ಅವೆಲ್ಲ ಎಂದೋ ಕೇರಳಕ್ಕೆ ಹೋದವೆಂದು ಹೇಳಿದರು. ಫೆಂಡರನ್ನು ನಮ್ಮ ಟಿಂಕರಿಂಗ್ ಹುಡುಗ ಬಡಿದು ಸರಿ ಮಾಡಿದ. ದೀಪಕ್ಕಾಗಿ ನಾನು ಭಾನುವಾರ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿ, ಶಿವಾಜಿನಗರದ ಗುಜರಿ ಅಂಗಡಿಗಳನ್ನು ಸುತ್ತಿ, ಬಿಚ್ಚಿ ಹಾಕಿದ್ದ ಕಾರೊಂದರಿಂದ ತೆಗೆದದ್ದನ್ನು ತಂದೆ. ಗಾಜು ಸ್ವಲ್ಪ ಹಳದಿಗಟ್ಟಿತ್ತು. ಮೇಷ್ಟ್ರು ಒಂದು ಮಾತೂ ಆಡದೆ ದುಡ್ಡು ಕೊಟ್ಟು ಹೋದರು. ಅವರು ಬೈದಿದ್ದರೆ ಚೆನ್ನಾಗಿತ್ತು.

ವಿಮೆಯ ಕಡೆಯಿಂದ ಬರುವ ತೊಡಕನ್ನೂ ನಾನು ಎಣಿಸಿರಲಿಲ್ಲ. ಕಾರಿನ ಐಡಿವಿ, ಅಂದರೆ ವಿಮೆ ಕಂಪನಿ ಒಪ್ಪಿಕೊಂಡ ಬೆಲೆ, ಮೊದಲ ಐದು ವರ್ಷ ಒಂದು ನಿಗದಿತ ಪಟ್ಟಿಯ ಪ್ರಕಾರ ಇಳಿಯುತ್ತದೆ. ಆದರೆ ತಯಾರಿಕೆ ನಿಂತುಹೋದ ಮಾಡೆಲ್ ಆಗಿದ್ದರೆ ಆ ಪಟ್ಟಿ ಅನ್ವಯಿಸದು, ವಿಮೆ ಕಂಪನಿ ಮತ್ತು ಮಾಲೀಕರ ನಡುವಿನ ಒಪ್ಪಂದದಂತೆ ಬೆಲೆ ಕಟ್ಟಬೇಕಾಗುತ್ತದೆ. ಹಾಗೆ ಕೂತು ಮಾತಾಡುವಾಗ ಮಾಲೀಕರ ಕೈ ಮೇಲಾಗುವುದು ಅಪರೂಪ. ಇನ್ನು ರಿಪೇರಿಯ ಖರ್ಚು ಐಡಿವಿಯ ಶೇಕಡಾ 75ನ್ನು ದಾಟಿದರೆ ಕಾರನ್ನು ಟೋಟಲ್ ಲಾಸ್, ಅಂದರೆ ರಿಪೇರಿ ಮಾಡಿಸಿ ಗಿಟ್ಟದ್ದು, ಎಂದು ಪರಿಗಣಿಸುತ್ತಾರೆ. ಐಡಿವಿ ಕುಸಿದು, ಬಾಡಿ ಪಾರ್ಟ್ಸ್ ದುಬಾರಿಯಾದಾಗ ಈ ಗೆರೆ ಬಹಳ ಹತ್ತಿರಕ್ಕೆ ಬರುತ್ತದೆ. ಇಂಜಿನ್ ಗುಂಡಿನಂತಿದ್ದ ಎಂಜಾಯ್ ಒಂದು ಕೇವಲ ಬಾನೆಟ್, ಬಂಪರ್, ಎರಡು ದೀಪ, ರೇಡಿಯೇಟರ್ ಸಪೋರ್ಟ್ ಇವುಗಳ ಅಂದಾಜಿನಿಂದಾಗಿ ಗುಜರಿಗೆ ಹೋದದ್ದನ್ನು ನಾನು ಸರ್ವೇಯರರ ಪಕ್ಕದಲ್ಲಿ ನಿಂತು ನೋಡಿದ್ದೇನೆ. ಆ ಬಾನೆಟ್ 2017ರ ಜೂನಿನವರೆಗೂ ನಮ್ಮ ಗೋಡೆಗೆ ಒರಗಿ ನಿಂತಿತ್ತು.

ನನ್ನ ಲೆಕ್ಕ ತಪ್ಪಲು ಇನ್ನೂ ಒಂದು ಕಾರಣವಿತ್ತು. ಪುಣೆ ಬಳಿಯ ತಳೇಗಾಂವ್ ಕಾರ್ಖಾನೆ ರಫ್ತಿಗಾಗಿ ಬೀಟ್ ಕಾರುಗಳನ್ನು ಮಾಡುತ್ತಲೇ ಇತ್ತು, 2020ರ ಡಿಸೆಂಬರಿನವರೆಗೂ ಮಾಡಿತು. ಕಾರು ತಯಾರಾಗುತ್ತಿದೆ ಎಂದ ಮೇಲೆ ಬಾಡಿ ಪಾರ್ಟ್ಸ್ ಬೇಕಾದಾಗ ತರಿಸಿದರಾಯಿತು ಎಂದುಕೊಂಡಿದ್ದೆ. ಆದರೆ ಆ ಕಾರುಗಳು ಹೋಗುತ್ತಿದ್ದದ್ದು ಮೆಕ್ಸಿಕೋ ಮುಂತಾದ ದೇಶಗಳಿಗೆ. ಅಲ್ಲಿ ರಸ್ತೆಯ ಬಲಬದಿಯಲ್ಲಿ ಓಡಿಸುತ್ತಾರೆ, ಸ್ಟೀರಿಂಗ್ ಎಡಕ್ಕಿರುತ್ತದೆ, ಹೆಡ್‌ಲ್ಯಾಂಪಿನ ಬೆಳಕು ಕೂಡ ಇನ್ನೊಂದು ಬದಿಗೆ ಬೀಳುವಂತೆ ಮಾಡಿರುತ್ತಾರೆ. ಕಾರ್ಖಾನೆ ಓಡುತ್ತಿರುವುದಕ್ಕೂ ನಮ್ಮ ಊರಿನ ಕಾರಿಗೆ ಬೇಕಾದ ದೀಪ ತಯಾರಾಗುವುದಕ್ಕೂ ಸಂಬಂಧವಿಲ್ಲ ಎಂಬಷ್ಟು ಸರಳ ಸಂಗತಿ ನನಗೆ ಹೊಳೆಯಲಿಲ್ಲ. ಇದೇ ಕಂಪನಿಯ ಬೆಂಗಳೂರಿನ ತಾಂತ್ರಿಕ ಕೇಂದ್ರ ಮಾತ್ರ ಮಾರಾಟ ನಿಂತ ಮೇಲೂ ಉಳಿಯಿತು. ಅಲ್ಲಿನ ನಮ್ಮ ಹುಡುಗರು ಇಲ್ಲಿ ಯಾರೂ ಕೊಳ್ಳಲಾಗದ ಕಾರುಗಳಿಗಾಗಿ ದುಡಿಯುವುದನ್ನು ನೆನೆದರೆ ಈಗಲೂ ವಿಚಿತ್ರವೆನಿಸುತ್ತದೆ.

2020ರಲ್ಲಿ ನಾನು ಬೆಂಗಳೂರಿನ ಒಂದು ಮಲ್ಟಿ ಬ್ರಾಂಡ್ ವರ್ಕ್‌ಶಾಪಿಗೆ ಬಂದೆ. 2021ರ ಸೆಪ್ಟೆಂಬರ್ 9ರಂದು ಫೋರ್ಡ್ ಭಾರತದಲ್ಲಿ ಕಾರು ತಯಾರಿಕೆಯನ್ನು ನಿಲ್ಲಿಸುವುದಾಗಿ ಪ್ರಕಟಿಸಿದ ಸಂಜೆ, ಮಾರಾಟದ ದಾಖಲೆಯನ್ನು ಬದಿಗಿಟ್ಟು ಪಾರ್ಟ್ ನಂಬರುಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಕುಳಿತೆ. ಈ ಸಾಮಾನು ತಿಂಗಳಿಗೆ ಎಷ್ಟು ಓಡುತ್ತದೆ ಎಂದು ಕೇಳುವ ಬದಲು, ಇದನ್ನು ಬೇರೆ ಯಾರು ಮಾಡುತ್ತಾರೆ, ಇಲ್ಲದಿದ್ದರೆ ಕಾರು ನಿಂತುಹೋಗುತ್ತದೆಯೇ, ಬಡಿದು ಬೆಸೆದು ಸರಿ ಮಾಡಬಹುದೇ ಎಂಬ ಮೂರು ಪ್ರಶ್ನೆಗಳನ್ನು ಪ್ರತಿ ನಂಬರಿಗೂ ಕೇಳಿದೆ. ಫಿಲ್ಟರುಗಳಿಗೆ ಒಂದು ರೂಪಾಯಿಯನ್ನೂ ಹೆಚ್ಚಿಗೆ ಹಾಕಲಿಲ್ಲ. ಇಕೋಸ್ಪೋರ್ಟ್ ಮತ್ತು ಫಿಗೋ ಕಾರುಗಳ ಹೆಡ್‌ಲ್ಯಾಂಪ್, ಹಿಂದಿನ ದೀಪ, ಕನ್ನಡಿ, ಬಾಗಿಲಿನ ಗಾಜು, ಕೆಲವು ಸೆನ್ಸಾರುಗಳನ್ನು ಎರಡೆರಡು ಜೊತೆ ತರಿಸಿದೆ. ತಗಡಿನ ಭಾಗಗಳನ್ನು ಟಿಂಕರಿಂಗಿಗೆ ಬಿಟ್ಟೆ. ಪ್ಲಾಸ್ಟಿಕ್ ಮತ್ತು ಗಾಜಿಗೆ ಸುತ್ತಿಗೆಯ ವಿದ್ಯೆ ನಡೆಯುವುದಿಲ್ಲ. ಮರುವರ್ಷ ದಾತ್ಸುನ್ ಹೆಸರು ಇಲ್ಲಿ ನಿಂತಾಗ ಅಷ್ಟು ಗಾಬರಿಯಾಗಲಿಲ್ಲ, ಏಕೆಂದರೆ ಅದರ ಒಡೆಯ ನಿಸ್ಸಾನ್ ಇಲ್ಲಿಯೇ ಇತ್ತು, ರೆಡಿ-ಗೋ ಕಾರಿನ ಇಂಜಿನ್ ರೆನೊ ಕ್ವಿಡ್‌ನಲ್ಲಿ ಓಡುತ್ತಿತ್ತು. ಹೆಸರೊಂದು ಹೋಗುವುದು ಬೇರೆ, ಮನೆಯನ್ನೇ ಖಾಲಿ ಮಾಡಿಕೊಂಡು ಹೋಗುವುದು ಬೇರೆ.

ಹಾಗೆ ತರಿಸಿದ ಫೋರ್ಡ್ ಸಾಮಾನಿನಲ್ಲಿ ಸುಮಾರು ಮೂರನೇ ಒಂದು ಭಾಗ ಇನ್ನೂ ರ‍್ಯಾಕಿನಲ್ಲಿದೆ. ಪ್ರತಿ ಮಾರ್ಚಿನಲ್ಲಿ ಆಡಿಟ್‌ಗೆ ಬರುವ ಹುಡುಗ ಅದನ್ನು ನಾನ್ ಮೂವಿಂಗ್ ಎಂದು ಕೆಂಪು ಮಾಡುತ್ತಾನೆ, ನಾನು ಎದುರಿನ ಕಾಲಂನಲ್ಲಿ "ಉದ್ದೇಶಪೂರ್ವಕವಾಗಿ ಇಟ್ಟದ್ದು" ಎಂದು ಬರೆದು ಸಹಿ ಹಾಕುತ್ತೇನೆ. ಹೋದ ವರ್ಷ ಅವನು ಕಾರಣ ಕೇಳಿದಾಗ ಎಮ್ಮೆಯ ಕಥೆಯಿಂದ ಶುರುಮಾಡಿದೆ; ಹೆಡ್‌ಲ್ಯಾಂಪಿಗೆ ಬರುವ ಮೊದಲೇ ಅವನಿಗೆ ಫೋನ್ ಬಂತು.