ಟೆಕ್ಸೋಮಾದ ಚಳಿನೀರಿನಲ್ಲಿ ಸ್ಟ್ರೈಪರ್ ಬೇಟೆ

ಡಲ್ಲಾಸ್ ನಗರದಿಂದ 75ನೇ ಹೆದ್ದಾರಿ ಹಿಡಿದು ಉತ್ತರಕ್ಕೆ ಒಂದೂವರೆ ಗಂಟೆ ಸಾಗಿದರೆ ಟೆಕ್ಸಾಸ್ ಮುಗಿದು ಒಕ್ಲಹೋಮ ಶುರುವಾಗುತ್ತದೆ. ಈ ಎರಡು ರಾಜ್ಯಗಳ ಗಡಿಯಲ್ಲಿ ಹರಿಯುವ ರೆಡ್ ರಿವರ್ ಎಂಬ ಕೆಂಪು ಮಣ್ಣಿನ ನದಿಗೆ ಡೆನಿಸನ್ ಊರಿನ ಬಳಿ ಅಣೆಕಟ್ಟು ಕಟ್ಟಿದ್ದರಿಂದ ಹುಟ್ಟಿಕೊಂಡ ಹಿನ್ನೀರೇ ಟೆಕ್ಸೋಮಾ ಸರೋವರ. ಸುಮಾರು 89,000 ಎಕರೆ ಹರವಿನ ಈ ನೀರು, ನಕ್ಷೆಯಲ್ಲಿ ನೋಡಿದರೆ, ಲಿಂಗನಮಕ್ಕಿಯ ಹಿನ್ನೀರಿನ ಹಾಗೆಯೇ ಲೆಕ್ಕವಿಲ್ಲದಷ್ಟು ಕೊಲ್ಲಿಗಳಲ್ಲಿ ಒಳನುಗ್ಗಿ ಹಬ್ಬಿಕೊಂಡಿದೆ. ಮುಳುಗಡೆಯ ಕಥೆಯೂ ಇಲ್ಲಿದೆ: ಟೆಕ್ಸಾಸ್ ದಡದ ಪ್ರೆಸ್ಟನ್, ಒಕ್ಲಹೋಮ ದಡದ ವುಡ್‌ವಿಲ್ ಎಂಬ ಹಳೆಯ ಊರುಗಳು ಈ ನೀರಿನ ಅಡಿಯಲ್ಲಿವೆ.

ಡಲ್ಲಾಸ್ ಪಕ್ಕದ ಪ್ಲೇನೋದಲ್ಲಿರುವ ಅಕ್ಕನ ಮನೆಗೆ ನಾನು ಹೋಗಿದ್ದು ಜನವರಿಯಲ್ಲಿ. ಟೆಕ್ಸಾಸಿನಲ್ಲಿ ನೋಡುವಂಥದ್ದೆಲ್ಲ ಬೇಸಿಗೆಯದು ಎಂದು ಅಕ್ಕ ಮೊದಲೇ ಎಚ್ಚರಿಸಿದ್ದಳು. ಆದರೆ ಕುಂದಾಪುರದ ಹೊಳೆಬದಿಯಲ್ಲಿ ಬೆಳೆದ ಭಾವನ ಅಭಿಪ್ರಾಯ ಬೇರೆಯೇ ಇತ್ತು. ಸ್ಟ್ರೈಪರ್ ಮೀನು ಹಿಡಿಯಬೇಕೆಂದಿದ್ದರೆ ಚಳಿಗಾಲಕ್ಕಿಂತ ಒಳ್ಳೆಯ ಕಾಲವಿಲ್ಲ, ದೊಡ್ಡ ಮೀನು ಸಿಗುವುದೂ ಆಗಲೇ, ಬೇಸಿಗೆಯ ವಿಹಾರದೋಣಿಗಳ ಗಲಾಟೆ ಇರದಿರುವುದೂ ಆಗಲೇ ಎಂದು ಅವರು ವಾದಿಸಿದರು. ಈಗ ನನಗೂ ಅದೇ ಸರಿ ಎನ್ನಿಸುತ್ತದೆ, ಆದರೆ ಮೈತುಂಬ ಉಣ್ಣೆ ಹೊದ್ದುಕೊಳ್ಳುವ ತಾಳ್ಮೆ ಇದ್ದವರಿಗೆ ಮಾತ್ರ.

ಸ್ಟ್ರೈಪರ್ ಎಂದು ಎಲ್ಲರೂ ಕರೆಯುವ ಸ್ಟ್ರೈಪ್ಡ್ ಬಾಸ್ ಹುಟ್ಟಿನಲ್ಲಿ ಸಿಹಿನೀರಿನ ಕೆರೆಗೆ ಸೇರಿದ್ದಲ್ಲ. ಅಮೆರಿಕದ ಪೂರ್ವ ಕರಾವಳಿಯ ಸಮುದ್ರದಲ್ಲಿ ಬದುಕಿ, ವಸಂತದಲ್ಲಿ ಮೊಟ್ಟೆಯಿಡಲು ನದಿಗಳನ್ನು ಏರುವ ಮೀನು ಅದು. 1940ರ ದಶಕದ ಆರಂಭದಲ್ಲಿ ದಕ್ಷಿಣ ಕ್ಯಾರೊಲಿನಾದ ಸ್ಯಾಂಟಿ ನದಿಗೆ ಅಡ್ಡವಾಗಿ ಅಣೆಕಟ್ಟು ಎದ್ದಾಗ ಒಂದಷ್ಟು ಸ್ಟ್ರೈಪರ್‌ಗಳು ಮೇಲ್ಗಡೆಯೇ ಸಿಕ್ಕಿಕೊಂಡವು. ಅವು ಸಾಯುವ ಬದಲು ಅಲ್ಲಿಯೇ ಸಂಸಾರ ಹೂಡಿದ್ದನ್ನು ಕಂಡ ಮೇಲೆ ಬೇರೆ ರಾಜ್ಯಗಳ ಮೀನುಗಾರಿಕೆ ಇಲಾಖೆಗಳಿಗೂ ಆಸೆ ಹುಟ್ಟಿತು. ಒಕ್ಲಹೋಮ ರಾಜ್ಯ 1965ರಿಂದ ಟೆಕ್ಸೋಮಾಕ್ಕೆ ಮರಿಗಳನ್ನು ಬಿಡತೊಡಗಿತು. ಹೀಗೆ ಮರಿ ಬಿಟ್ಟ ಕೆರೆಗಳು ಅಮೆರಿಕದಲ್ಲಿ ಬೇಕಾದಷ್ಟಿವೆ. ಆದರೆ ಅವುಗಳಲ್ಲಿ ಬಹುಪಾಲು ಕೆರೆಗಳಿಗೆ ಮತ್ತೆ ಮತ್ತೆ ಮರಿ ತಂದು ಸುರಿಯುತ್ತಲೇ ಇರಬೇಕು, ಏಕೆಂದರೆ ನಿಂತ ನೀರಿನಲ್ಲಿ ಸ್ಟ್ರೈಪರ್ ಸಂತಾನ ಬೆಳೆಯುವುದಿಲ್ಲ.

ಅದರ ಮೊಟ್ಟೆ ನೀರಿಗಿಂತ ಒಂದಿಷ್ಟೇ ಭಾರ. ಹರಿಯುವ ನೀರು ಸುಮಾರು ಎರಡು ದಿನಗಳ ಕಾಲ ಅದನ್ನು ತೇಲಿಸಿಕೊಂಡೇ ಸಾಗಬೇಕು. ಅಷ್ಟರೊಳಗೆ ತಳ ಕಂಡರೆ ಮೊಟ್ಟೆ ಕೆಸರಿನಲ್ಲಿ ಹೂತು ಉಸಿರುಕಟ್ಟಿ ಹಾಳಾಗುತ್ತದೆ. ಟೆಕ್ಸೋಮಾಕ್ಕೆ ನೀರು ತರುವ ರೆಡ್ ರಿವರ್ ಮತ್ತು ವಾಷಿಟಾ ನದಿಗಳು ಅಡ್ಡಿಯಿಲ್ಲದೆ ಬಹುದೂರ ಹರಿದು ಬರುವುದರಿಂದ, ಮೇಲೆ ಇಟ್ಟ ಮೊಟ್ಟೆ ಸರೋವರ ಮುಟ್ಟುವ ಹೊತ್ತಿಗೆ ಮರಿಯಾಗಿರುತ್ತದೆ. ಇದರ ಮೇಲೆ, ಕಡಲಮೂಲದ ಈ ಮೀನಿಗೆ ಒಗ್ಗುವಂತೆ, ಈ ನೀರಿಗೆ ತುಸು ಉಪ್ಪೂ ಇದೆ. ಕೋಟ್ಯಂತರ ವರ್ಷಗಳ ಹಿಂದೆ ಆ ಬಯಲನ್ನು ಮುಚ್ಚಿದ್ದ ಸಮುದ್ರವೊಂದು ಬಿಟ್ಟುಹೋದ ಉಪ್ಪಿನ ಪದರಗಳಿಂದ ಒರತೆಗಳು ಚಿಮ್ಮಿ ರೆಡ್ ರಿವರ್ ಸೇರುತ್ತವೆ. ಆ ಉಪ್ಪೇ ಕುಡಿಯುವ ನೀರಿನವರಿಗೆ ತಲೆನೋವು. 1970ರ ದಶಕದ ನಡುವಿನಲ್ಲಿಯೇ ಮರಿ ಬಿಡುವುದನ್ನು ನಿಲ್ಲಿಸಿದರೂ ಮೀನು ಕಡಿಮೆಯಾಗಿಲ್ಲ. ನನ್ನ ಮಟ್ಟಿಗೆ ಟೆಕ್ಸೋಮಾಕ್ಕೆ ಹೋಗಲು ಇದೊಂದೇ ಕಾರಣ ಸಾಕಾಗಿತ್ತು.

ಪರವಾನಗಿಯ ವಿಷಯವೂ ಸ್ವಾರಸ್ಯದ್ದೇ. ಟೆಕ್ಸಾಸಿನ ಪರವಾನಗಿ ಇಟ್ಟುಕೊಂಡವರು ಟೆಕ್ಸಾಸ್ ಬದಿಯ ನೀರಿನಲ್ಲಿಯೇ ಗಾಳ ಹಾಕಬೇಕು, ಒಕ್ಲಹೋಮದ್ದು ಇದ್ದವರು ಆ ಬದಿಯಲ್ಲಿ. ನಡುನೀರಿನಲ್ಲಿ ಗಡಿ ಎಲ್ಲಿದೆಯೆಂದು ಹೇಳುವ ಗೋಡೆಯೇನೂ ಇಲ್ಲ. ಈ ತೊಡಕು ತಪ್ಪಿಸಲೆಂದೇ ಟೆಕ್ಸೋಮಾಕ್ಕೆ ಪ್ರತ್ಯೇಕ ಪರವಾನಗಿಯೊಂದಿದೆ. ನಾವು ಕೊಂಡಾಗ ಅದಕ್ಕೆ 12 ಡಾಲರ್; ನನ್ನಂಥ ಪರದೇಶದವನಿಗೂ ಅದೇ ದರ. ಒಬ್ಬರಿಗೆ ದಿನಕ್ಕೆ ಹತ್ತು ಸ್ಟ್ರೈಪರ್, ಅದರಲ್ಲಿ 20 ಇಂಚು ಮುಟ್ಟಿದವು ಎರಡೇ ಎರಡು ಎಂಬುದು ನಿಯಮ. ಒಮ್ಮೆ ಮಂಜುಗಡ್ಡೆಯ ಪೆಟ್ಟಿಗೆಗೆ ಹಾಕಿದ ಮೀನನ್ನು, ಆಮೇಲೆ ದೊಡ್ಡದು ಸಿಕ್ಕಿತೆಂದು, ನೀರಿಗೆ ಮರಳಿ ಬಿಡುವಂತಿಲ್ಲ. ಈ ಕೊನೆಯ ನಿಯಮ ನನಗೆ ಬಹಳ ಹಿಡಿಸಿತು. ಹಿಡಿದಿದ್ದಕ್ಕೆ ಹೊಣೆ ಹೊರಬೇಕೆಂಬುದು ಅದರ ಅರ್ಥ.

ಸರೋವರದ ದಕ್ಷಿಣ ದಡದ ಪಾಟ್ಸ್‌ಬರೊ ಊರಿನ ಬಳಿಯ ದೋಣಿತಂಗುದಾಣಕ್ಕೆ ನಾವು ತಲುಪಿದಾಗ ಇನ್ನೂ ಕತ್ತಲೆ. ಉಷ್ಣಾಂಶ ಶೂನ್ಯದ ಆಸುಪಾಸಿನಲ್ಲಿತ್ತು. ಮರದ ಅಟ್ಟಣೆಯ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಜಾರುತ್ತಿತ್ತು. ಕಾಲಿಡುವಾಗ ಹಗ್ಗ ಹಿಡಿಯಿರಿ ಎಂದು ಗೈಡ್ ಟಾರ್ಚು ತೋರಿಸಿದರು. ಅವರು ಅರವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ದೋಣಿ ಹೊರಟ ಮೇಲೆ ಮುಖಕ್ಕೆ ಬಡಿದ ಗಾಳಿಗೆ ನನ್ನ ಕಣ್ಣಲ್ಲಿ ನೀರು ಸುರಿಯತೊಡಗಿತು. ಭಾವ ಮಾತ್ರ ಮಂಗನಟೋಪಿಯೊಳಗಿಂದ ಎರಡು ಕಣ್ಣಷ್ಟೇ ಹೊರಗಿಟ್ಟು ನೆಮ್ಮದಿಯಾಗಿ ಕೂತಿದ್ದರು.

ಬೆಳಕು ಹರಿಯುತ್ತಿದ್ದಂತೆ ಗೈಡ್ ಎಂಜಿನ್ ತಗ್ಗಿಸಿ ಆಕಾಶ ನೋಡತೊಡಗಿದರು. ಚಳಿಗಾಲದಲ್ಲಿ ಮೀನು ಹುಡುಕುವುದೆಂದರೆ ಮೊದಲು ಹಕ್ಕಿ ಹುಡುಕುವುದು. ಉತ್ತರದಿಂದ ವಲಸೆ ಬಂದ ಕಡಲಕ್ಕಿಗಳು ಆಗ ಸರೋವರದ ಮೇಲೆಲ್ಲ ಹಾರಾಡುತ್ತಿರುತ್ತವೆ. ಕೆಳಗೆ ಸ್ಟ್ರೈಪರ್ ಹಿಂಡು ಶ್ಯಾಡ್ ಎಂಬ ಬೆಳ್ಳಿಬಣ್ಣದ ಪುಟ್ಟ ಮೀನುಗಳನ್ನು ಅಟ್ಟಿಕೊಂಡು ಮೇಲಕ್ಕೆ ತಂದಲ್ಲಿ ಅವು ಗುಂಪುಗಟ್ಟಿ ಎರಗುತ್ತವೆ. ಎಲ್ಲ ಹಕ್ಕಿಯ ಮಾತನ್ನೂ ನಂಬಬಾರದು. ನೀರಿನ ಮೇಲೆ ಸುಮ್ಮನೆ ಕೂತ ಕಡಲಕ್ಕಿಗಳು ಹೊಟ್ಟೆ ತುಂಬಿದವು ಇರಬಹುದು, ಇಲ್ಲವೇ ಈಗಷ್ಟೇ ಮುಗಿದ ಊಟದ ಜಾಗ ಕಾಯುತ್ತಿರಬಹುದು. ಆದರೆ ತಲೆ ತಗ್ಗಿಸಿ, ಗಾಳಿಗೆ ಎದುರಾಗಿ, ಒಂದೇ ಕಡೆ ಸುತ್ತುವ ಹಕ್ಕಿಯನ್ನು ಬಿಡಬಾರದು ಎಂದು ಅವರು ವಿವರಿಸಿದರು. ಮುಳುಗಿ ಬೇಟೆಯಾಡುವ ಲೂನ್ ಹಕ್ಕಿಗಳು ಇರುವಲ್ಲಿ ಶ್ಯಾಡ್ ಇದ್ದೇ ಇರುತ್ತದಂತೆ. ದೂರದ ಮರಳುದಿಣ್ಣೆಯ ಮೇಲೆ ಬಿಳಿ ಹೆಜ್ಜಾರ್ಲೆಗಳು ಸಾಲಾಗಿ ನಿಂತಿದ್ದವು. ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆಗಿಂತ ಇವು ದೊಡ್ಡವು, ಬಿಳುಪೂ ಹೆಚ್ಚು.

ದೋಣಿ ನಿಂತದ್ದು ಮುಳುಗಿದ ಹಳೆಯ ಹೊಳೆಪಾತ್ರದ ಅಂಚಿನಲ್ಲಿ, ಸುಮಾರು ಐವತ್ತು ಅಡಿ ಆಳದಲ್ಲಿ. ಸೋನಾರ್ ಪರದೆಯಲ್ಲಿ ತಳದ ಗೆರೆಯ ಮೇಲೆ ಹಳದಿ ಗೀರುಗಳು ಒಂದರ ಮೇಲೊಂದು ಕಾಣುತ್ತಿದ್ದವು, ಅವೇ ಮೀನು. ಲಂಗರಿನ ಬದಲು ಮುಂಭಾಗದ ವಿದ್ಯುತ್ ಮೋಟಾರು ಉಪಗ್ರಹದ ಸಂಕೇತ ನೋಡಿ ದೋಣಿಯನ್ನು ಇದ್ದಲ್ಲೇ ಹಿಡಿದು ನಿಲ್ಲಿಸುತ್ತಿತ್ತು. ಇಷ್ಟು ಯಂತ್ರಗಳಿದ್ದ ಮೇಲೆ ಬೇಟೆಯಲ್ಲಿ ಉಳಿಯುವುದೇನು ಎಂಬ ನನ್ನ ಅನುಮಾನಕ್ಕೆ ಉತ್ತರ ಸಿಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಪರದೆಯ ತುಂಬ ಮೀನು, ಕಚ್ಚುವವು ಒಂದೂ ಇಲ್ಲ.

ಆಗ ಗೈಡ್ ಮೂಲೆಯಿಂದ ದಪ್ಪನೆಯ ಮರದ ಕೋಲೊಂದನ್ನು ಎತ್ತಿಕೊಂಡು, ಒನಕೆಯಲ್ಲಿ ಅವಲಕ್ಕಿ ಕುಟ್ಟುವ ಹಾಗೆ, ದೋಣಿಯ ನೆಲಕ್ಕೆ ಒಂದೇ ಲಯದಲ್ಲಿ ಕುಟ್ಟತೊಡಗಿದರು. ಧಡ್, ಧಡ್, ಧಡ್. ಮೀನುಗಾರಿಕೆಯೆಂದರೆ ಸದ್ದು ಮಾಡಬಾರದು ಎಂದು ಕೇಳಿ ಬೆಳೆದ ನನಗೆ ಇದು ವಿಚಿತ್ರವಾಗಿ ಕಂಡಿತು. ಟೆಕ್ಸೋಮಾದ ಗೈಡ್‌ಗಳಲ್ಲಿ ಇದು ಹಳೆಯ ರೂಢಿ. ಈ ಸದ್ದು ಕೆಳಗಿನ ಮೀನಿಗೆ ಬೇರೆ ಮೀನುಗಳು ಮೇಯುತ್ತಿರುವಂತೆ ಕೇಳಿಸುತ್ತದೆ ಎಂಬುದು ಅವರ ನಂಬಿಕೆ. ಒಂದೆರಡು ನಿಮಿಷಗಳಲ್ಲಿ ಪರದೆಯ ಗೀರುಗಳು ತಳ ಬಿಟ್ಟು ಮೇಲೇಳತೊಡಗಿದ್ದನ್ನು ನಾವೆಲ್ಲ ಕಂಡೆವು. ಕೋಲಿನ ಮಹಿಮೆಯೋ ಮೀನಿನ ಹಸಿವೋ, ನಾನಂತೂ ಆಮೇಲೆ ಅದನ್ನು ಪ್ರಶ್ನಿಸಲಿಲ್ಲ.

ಗಾಳಕ್ಕೆ ಸಿಕ್ಕಿಸಿದ್ದು ಜೀವಂತ ಎರೆಯಲ್ಲ, ಶ್ಯಾಡ್ ಮೀನಿನ ರೂಪದ, ಬಿಳಿಬಣ್ಣದ ಮೆದು ರಬ್ಬರಿನ ಎರೆ. ಅದರ ತಲೆಯೇ ಸೀಸದ ಗುಂಡು. ಬೇಸಿಗೆಯಲ್ಲಿ ಇದನ್ನು ಎಸೆದು ಬಿರುಸಾಗಿ ಸುತ್ತಿಕೊಳ್ಳುತ್ತಾರೆ. ಚಳಿಗಾಲದಲ್ಲಿ ನೀರಿನ ಶಾಖ 50 ಡಿಗ್ರಿ ಫ್ಯಾರನ್‌ಹೀಟ್‌ಗಿಂತ, ಎಂದರೆ ಹತ್ತು ಸೆಲ್ಸಿಯಸ್‌ಗಿಂತ, ಕೆಳಗಿಳಿದಾಗ ಮೀನಿನ ಮೈಯೊಳಗಿನ ಕೆಲಸವೆಲ್ಲ ನಿಧಾನವಾಗುತ್ತದೆ. ಓಡಿ ಹಿಡಿಯುವ ಉತ್ಸಾಹ ಅದಕ್ಕೆ ಇರುವುದಿಲ್ಲ. ಚಳಿ ತಾಳಲಾರದ ತ್ರೆಡ್‌ಫಿನ್ ಶ್ಯಾಡ್ ಇನ್ನೂ ನೀರು ತಣ್ಣಗಾದರೆ ನಿಶ್ಚೇಷ್ಟಿತವಾಗಿ ಕೆಳಗೆ ಜಾರುವುದರಿಂದ, ಹೆಚ್ಚುಕಡಿಮೆ ಅಲುಗದ ಎರೆಯೇ ಸ್ಟ್ರೈಪರ್‌ಗೆ ಸಹಜ ಊಟವಾಗಿ ಕಾಣುತ್ತದೆ. ಆದ್ದರಿಂದ ಎರೆಯನ್ನು ಮೀನಿಗಿಂತ ತುಸು ಮೇಲೆ ಇಳಿಬಿಟ್ಟು ಗಾಳದ ಕೋಲನ್ನು ಅಲ್ಲಾಡಿಸದೆ ಹಿಡಿಯಬೇಕು. ದೋಣಿಯ ತೊನೆತವೇ ಸಾಕು. ಬೆರಳು ಮರಗಟ್ಟಿದ ನನ್ನ ಕೈ ತಾನಾಗಿಯೇ ಮೇಲೆ ಕೆಳಗೆ ಆಡುತ್ತಿದ್ದುದನ್ನು ನೋಡಿ ಭಾವ, ‘ಸುಮ್ನೆ ಹಿಡ್ಕೊ ಮಾರಾಯಾ, ಅದಕ್ಕೆ ಜೋಗುಳ ಹಾಡ್ತಾ ಇದ್ದೀಯಾ?’ ಎಂದರು.

ಕಚ್ಚಿದ್ದು ಕಚ್ಚಿದಂತೆ ಇರಲಿಲ್ಲ. ಎಳೆತವೂ ಇಲ್ಲ, ಜಗ್ಗಾಟವೂ ಇಲ್ಲ. ಒದ್ದೆ ಬಟ್ಟೆಯೊಂದು ನೂಲಿಗೆ ತಾಕಿ ನಿಂತಷ್ಟು ಭಾರ. ಈಗ ಎತ್ತು ಎಂದು ಗೈಡ್ ಗದರಿದಾಗ ಎತ್ತಿದೆ, ಕೋಲು ನೀರು ಮುಟ್ಟುವಷ್ಟು ಬಾಗಿತು, ರೀಲಿನಿಂದ ನೂಲು ಸರ್ರನೆ ಬಿಚ್ಚಿಕೊಳ್ಳತೊಡಗಿತು. ಸ್ಟ್ರೈಪರ್ ಗಾಳಕ್ಕೆ ಬಿದ್ದ ಮೇಲೆ ಮೇಲಕ್ಕೆ ಹಾರುವ ಮೀನಲ್ಲ, ಆಳಕ್ಕೇ ನುಗ್ಗುತ್ತದೆ. ತುಸು ಬಿಟ್ಟು, ತುಸು ಎಳೆದು, ಕೊನೆಗೆ ಬಲೆಯೊಳಗೆ ಬಂದಾಗ ಅದರ ಬೆಳ್ಳಿ ಮೈಯ ಉದ್ದಕ್ಕೂ ಏಳೆಂಟು ಕಪ್ಪು ಗೆರೆಗಳು, ರೂಲುಪಟ್ಟಿ ಇಟ್ಟು ಎಳೆದಷ್ಟು ನೇರವಾಗಿ, ಕಿವಿರಿನಿಂದ ಬಾಲದವರೆಗೆ ಓಡಿದ್ದವು. ಗೈಡ್ ಅದರ ಬಾಯಿ ತೆರೆದು ನನ್ನ ಹೆಬ್ಬೆರಳನ್ನು ನಾಲಗೆಯ ಮೇಲೆ ಇರಿಸಿದರು: ಅಲ್ಲಿ ಅರದಂತೆ ತರಿತರಿಯಾದ ಎರಡು ಪಟ್ಟಿಗಳಿದ್ದವು. ಇದೇ ಸರೋವರದ ಚಿಕ್ಕ ಬಂಧು, ಇಲ್ಲಿನವರು ಸ್ಯಾಂಡ್ ಬಾಸ್ ಎನ್ನುವ ಮೀನಿಗೆ, ಆ ಪಟ್ಟಿ ಒಂದೇ. ಎರಡರ ಮಿತಿಯೂ ಬೇರೆ ಬೇರೆಯಾದ್ದರಿಂದ ಈ ಗುರುತು ತಿಳಿದಿರಬೇಕು. ಮೀನನ್ನು ಹಿಡಿಯುವಾಗ ಎಚ್ಚರ ಬೇಕಾದ್ದು ಬಾಯಿಗಲ್ಲ, ಬೆನ್ನಿನ ಮುಳ್ಳಿಗೆ ಮತ್ತು ಬ್ಲೇಡಿನಂಥ ಕಿವಿರುಮುಚ್ಚಳದ ಅಂಚಿಗೆ.

ಮುಂದಿನ ಒಂದು ಗಂಟೆಯಲ್ಲಿ ಪೆಟ್ಟಿಗೆ ಬಹುಮಟ್ಟಿಗೆ ತುಂಬಿತು. ಸಮುದ್ರದಲ್ಲಿ 80 ಪೌಂಡು ಮೀರಿದ ಸ್ಟ್ರೈಪರ್ 2011ರಲ್ಲಿ ಕನೆಕ್ಟಿಕಟ್ ಕರಾವಳಿಯಲ್ಲಿ ಸಿಕ್ಕಿದ್ದುಂಟು. ಟೆಕ್ಸೋಮಾದಲ್ಲಿ 1984ರಲ್ಲಿ ಹಿಡಿದ 35 ಪೌಂಡಿನ ಮೀನೇ ದಾಖಲೆ. ನಮ್ಮವು ಅದರ ಹತ್ತಿರಕ್ಕೂ ಸುಳಿಯುವಂಥವಲ್ಲ. ಭಾವ ಹಿಡಿದ ಒಂದು ಮಾತ್ರ ಹತ್ತು ಪೌಂಡು ದಾಟಿತ್ತು, ಅದನ್ನು ಅವರು ಇನ್ನೂ ಮರೆತಿಲ್ಲ.

ಹಿಂದಿರುಗುವಾಗ ಡೆನಿಸನ್ ಅಣೆಕಟ್ಟಿನ ಮೇಲೆ ಕಾರು ಓಡಿಸಿಕೊಂಡು ಹೋದೆವು. 1939ರಲ್ಲಿ ಶುರುವಾಗಿ 1944ರಲ್ಲಿ ಮುಗಿದ ಈ ಮಣ್ಣಿನ ಕಟ್ಟೆಯ ಕೆಲಸದಲ್ಲಿ, ಎರಡನೆಯ ಮಹಾಯುದ್ಧದಲ್ಲಿ ಸೆರೆಸಿಕ್ಕ ಜರ್ಮನ್ ಸೈನಿಕರನ್ನೂ ದುಡಿಸಿಕೊಂಡಿದ್ದರು. ಪ್ರವಾಹ ತಡೆಯುವುದೇ ಇದರ ಮುಖ್ಯ ಉದ್ದೇಶವಾದ್ದರಿಂದ ನೀರಿನ ಮಟ್ಟ ಸಮುದ್ರಮಟ್ಟದಿಂದ 640 ಅಡಿ ಎತ್ತರದಲ್ಲಿರುವ ಕೋಡಿಯನ್ನು ಮುಟ್ಟುವುದು ಅಪರೂಪ. ಕೋಡಿ ಹರಿದದ್ದು 1957, 1990, 2007 ಮತ್ತು 2015ರಲ್ಲಿ. ಕಟ್ಟೆಯ ಕೆಳಗೆ, ವಿದ್ಯುತ್ ಸ್ಥಾವರದಿಂದ ನೀರು ನುಗ್ಗುವಲ್ಲಿ, ದೋಣಿಗೆ ಹಣ ತೆರದ ಜನ ಬಂಡೆಗಳ ಮೇಲೆ ನಿಂತು ಗಾಳ ಬೀಸುತ್ತಿದ್ದರು. ಮುಂದಿನ ಸಲ ಬಂದರೆ ನಾನು ಅಲ್ಲಿ ನಿಲ್ಲುವವನು.

ಮೀನು ಸೀಳುವ ಮೇಜಿನ ಬಳಿ ನಡೆದ ಒಂದು ಪ್ರಸಂಗವನ್ನು ಮಾತ್ರ ಹೇಳಲೇಬೇಕು. ಗೈಡ್ ವಿದ್ಯುತ್ ಚಾಕುವಿನಿಂದ ಎರಡೂ ಬದಿಯ ಮಾಂಸ ತೆಗೆದು, ಚರ್ಮದ ಒಳಗಿನ ಕೆಂಪು ಮಾಂಸದ ಪಟ್ಟಿಯನ್ನೂ ಕೆತ್ತಿ ಎಸೆದು, ತಲೆ ಮತ್ತು ಮುಳ್ಳಿನ ಹಂದರವನ್ನು ತೊಟ್ಟಿಗೆ ಹಾಕುತ್ತಿದ್ದರು. ಭಾವನಿಗೆ ಇದನ್ನು ನೋಡಲಾಗಲಿಲ್ಲ. ದೊಡ್ಡ ಮೀನುಗಳ ತಲೆಗಳನ್ನು ಕೇಳಿ ಪಡೆದರು. ಒಂದು ಮೀನಿನ ಕೆಂಪು ಮಾಂಸವನ್ನೂ ಬಿಡಿಸದೆ ಉಳಿಸಿಕೊಂಡರು. ಅಕ್ಕ ಬಿಳಿ ಮಾಂಸಕ್ಕೆ ಖಾರ ಸವರಿ ರವೆಯಲ್ಲಿ ಹೊರಳಿಸಿ ಕಾವಲಿಯಲ್ಲಿ ಹುರಿದಳು, ತಲೆಗಳಿಗೆ ತೆಂಗಿನಕಾಯಿ, ಬ್ಯಾಡಗಿ ಮೆಣಸು, ಹುಣಸೆಹಣ್ಣು ಅರೆದು ಸಾರು ಮಾಡಿದಳು. ಹುರಿದದ್ದು ಗಟ್ಟಿಯಾಗಿ, ಸಪ್ಪೆಯ ಕಡೆಗಿತ್ತು; ಸಾರು ಮಾತ್ರ ಎರಡನೆಯ ಸಲ ಅನ್ನ ಹಾಕಿಸಿಕೊಳ್ಳುವಂತಿತ್ತು. ಕೆಂಪು ಮಾಂಸದ ತುಂಡನ್ನು ಬಾಯಿಗಿಟ್ಟ ಭಾವ ಸ್ವಲ್ಪ ಹೊತ್ತು ಅಗಿದು, ಆ ಒಂದು ವಿಷಯದಲ್ಲಿ ಗೈಡ್ ಮಾಡಿದ್ದೇ ಸರಿ ಎಂದು ಒಪ್ಪಿಕೊಂಡು, ಮತ್ತೆ ಸಾರಿನ ತಲೆಯ ಕಡೆಗೆ ತಿರುಗಿದರು.