ಇಲ್ಬರಿ ಅಂದರೆ ಏನು?

ನಮ್ಮ ಕಾಲೇಜಿನಲ್ಲಿ ಬಿ.ಎ. ಓದಿದ ಮೂರು ವರ್ಷದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ನೆನಪಿರುವುದು ಒಂದು ಪದ. ಇಲ್ಬರಿ.

ಎರಡನೇ ವರ್ಷ, ದೆಹಲಿ ಸುಲ್ತಾನರ ಪಾಠ. 'ಇಲ್ತಮಶ್ ಇಲ್ಬರಿ ತುರ್ಕ ಪಂಗಡದವನು' ಅಂತ ನೋಟ್ಸ್‌ನಲ್ಲಿ ಬರೆದುಕೊಂಡು ಮುಂದೆ ಹೋಗುತ್ತಿದ್ದೆವು. ಪರೀಕ್ಷೆಗೆ ಅಷ್ಟು ಸಾಕಿತ್ತು. ಅವತ್ತು ಮೇಷ್ಟ್ರು ಆ ಪದವನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದು ನಮ್ಮ ಕಡೆ ತಿರುಗಿದರು. "ಏನ್ರಪ್ಪಾ, ಹಂಗಂದ್ರೆ?" ಯಾರೂ ಬಾಯಿ ಬಿಡಲಿಲ್ಲ. "ನಾನೂ ಇಪ್ಪತ್ತು ವರ್ಷ ಗೊತ್ತಿಲ್ಲದೆ ಸುಮ್ನೆ ಪಾಠ ಮಾಡಿದೀನಿ" ಅಂದರು. ಆಮೇಲೆ ಚೀಲದಿಂದ ಒಂದು ಜೆರಾಕ್ಸ್ ಕಟ್ಟು ತೆಗೆದರು.

ಅದು ಪೀಟರ್ ಗೋಲ್ಡನ್ ಅವರ ಲೇಖನ. ಗೋಲ್ಡನ್ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ದಶಕಗಟ್ಟಲೆ ಪಾಠ ಮಾಡಿದವರು. ಕ್ಯಾಸ್ಪಿಯನ್ ಸಮುದ್ರದ ಉತ್ತರಕ್ಕೆ ಆಳಿದ ಖಜಾರರು ಅನ್ನುವ ಹಳೆಯ ತುರ್ಕಿ ಜನರ ಬಗ್ಗೆ 1980ರಲ್ಲಿ ಅವರ ದೊಡ್ಡ ಪುಸ್ತಕ ಬಂತು. ತುರ್ಕಿ ಜನರ ಇತಿಹಾಸವನ್ನು ಮೊದಲಿಂದ ಹೇಳುವ ಇನ್ನೊಂದು ಪುಸ್ತಕ 1992ರಲ್ಲಿ. ಆದರೆ ಮೇಷ್ಟ್ರ ಕೈಯಲ್ಲಿದ್ದ ಲೇಖನದಲ್ಲಿ ಸಾಮ್ರಾಜ್ಯದ ಕಥೆ ಇರಲಿಲ್ಲ. ಸ್ಟೆಪಿ ಹುಲ್ಲುಗಾವಲಿನ ಒಂದೇ ಒಂದು ಅಲೆಮಾರಿ ಕುಲದ ಏಳುಬೀಳು ಅದರಲ್ಲಿತ್ತು. ಆ ಕುಲದ ಹೆಸರು ಓಲ್ಬೆರ್ಲಿ. ನಮ್ಮ ನೋಟ್ಸಿನ 'ಇಲ್ಬರಿ' ಅದೇ.

ಓಲ್ಬೆರ್ಲಿ ಹೇಗೆ ಇಲ್ಬರಿ ಆಯಿತು? ಮೇಷ್ಟ್ರು ಅದಕ್ಕೇ ಅರ್ಧ ಪೀರಿಯಡ್ ಕೊಟ್ಟರು. ನಮ್ಮ ಲಿಪಿಯಲ್ಲಿ ಕಾಗುಣಿತ ಇದೆ. ಗುಡಿಸು ಕೊಟ್ಟರೆ 'ಇ', ಕೊಂಬು ಕೊಟ್ಟರೆ 'ಉ'. ಅರಬ್ಬಿ ಲಿಪಿಯಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದೇ ಇಲ್ಲ. ಮೊದಲ ಅಕ್ಷರವನ್ನು ಅ, ಇ, ಉ ಯಾವುದಾಗಿಯಾದರೂ ಓದಬಹುದು. ಗೊತ್ತಿಲ್ಲದ ಹೆಸರು ಸಿಕ್ಕರೆ ಓದುವವರು ಊಹೆ ಮಾಡಬೇಕು. ಈ ಜನ ತಮ್ಮ ಕಥೆಯನ್ನು ತಾವೇ ಬರೆದಿಡಲಿಲ್ಲ. ಅಕ್ಕಪಕ್ಕದವರು ತಮ್ಮ ಕಿವಿಗೆ ಬಿದ್ದ ಹಾಗೆ ಬರೆದರು. ಪರ್ಷಿಯನ್ ಗ್ರಂಥಗಳಲ್ಲಿ ಒಂದು ರೂಪ, ರಷ್ಯದ ಹಳೆಯ ವೃತ್ತಾಂತಗಳಲ್ಲಿ ಇನ್ನೊಂದು, ಚೀನಾದ ಯುವಾನ್ ವಂಶದ ಇತಿಹಾಸದಲ್ಲಿ 'ಯುಲಿ-ಬೋಲಿ'. ಇವೆಲ್ಲ ಒಂದೇ ಹೆಸರು ಅಂತ ಗೊತ್ತಾಗಬೇಕಾದರೆ ಇಷ್ಟೂ ಭಾಷೆ ಬರಬೇಕು, ಅಲ್ವಾ? ಗೋಲ್ಡನ್ ಅವರ ವಿದ್ವತ್ತಿನ ಬಗ್ಗೆ ನನಗೆ ಇವತ್ತಿಗೂ ಅತಿ ದೊಡ್ಡ ಗೌರವ ಇರುವುದು ಇಲ್ಲಿ. ದೊಡ್ಡ ಮಾತು ಆಡುವ ಮುಂಚೆ ಅವರು ಒಂದು ಹೆಸರನ್ನು ಹಿಡಿದು ಅದರ ಜೊತೆ ಸಾವಿರಾರು ಮೈಲಿ ನಡೆಯುತ್ತಾರೆ.

ಓಲ್ಬೆರ್ಲಿಗಳು ಕಿಪ್ಚಾಕರು ಅನ್ನುವ ಅಲೆಮಾರಿ ತುರ್ಕಿ ಜನರ ಒಂದು ಕುಲ. ರಷ್ಯನ್ನರು ಕಿಪ್ಚಾಕರನ್ನು ಪೊಲೊವ್ಟ್ಸಿ ಅಂದರು, ಬೈಜಾಂಟಿಯಂನವರು ಕುಮಾನರು ಅಂದರು. ಅಷ್ಟು ದೊಡ್ಡ ಹುಲ್ಲುಗಾವಲು ಅವರ ಕೈಯಲ್ಲಿತ್ತು. ಆದರೂ ಅವರು ಒಬ್ಬ ಚಕ್ರವರ್ತಿಯ ಕೆಳಗೆ ಒಂದು ರಾಜ್ಯ ಕಟ್ಟಲಿಲ್ಲ. ಇದು ಅವರ ಕೊರತೆ ಅಲ್ಲ ಅನ್ನುವುದು ಗೋಲ್ಡನ್ ವಾದ. ಪೂರ್ವದ ಅಲೆಮಾರಿಗಳಿಗೆ ಎದುರಿಗೆ ಚೀನಾದಂಥ ದೈತ್ಯ ಇತ್ತು. ಅದರ ಜೊತೆ ಗುದ್ದಾಡಲು, ವ್ಯಾಪಾರ ಮಾಡಲು ಅವರೂ ಒಂದಾಗಬೇಕಾಯಿತು. ಕಿಪ್ಚಾಕರಿಗೆ ಆ ಒತ್ತಡ ಇರಲಿಲ್ಲ. ಕುಲಗಳಾಗಿಯೇ ಬದುಕು ನಡೆಯುತ್ತಿತ್ತು.

ಆಮೇಲೆ ಮಂಗೋಲರು ಬಂದರು. 1230ರ ದಶಕದ ಕೊನೆಗೆ ರಷ್ಯದ ವೋಲ್ಗಾ ನದಿಯ ಬಯಲಲ್ಲಿ ಬಚ್ಮನ್ ಅನ್ನುವ ಓಲ್ಬೆರ್ಲಿ ನಾಯಕ ಅವರಿಗೆ ಸಿಗದೆ ಕಾಡಿನಿಂದ ಕಾಡಿಗೆ ತಪ್ಪಿಸಿಕೊಂಡು ಹೊಡೆದಾಡುತ್ತಿದ್ದ. ಈ ಕಥೆಯನ್ನು ಬರೆದಿಟ್ಟವನು ಪರ್ಷಿಯನ್ ಇತಿಹಾಸಕಾರ ಜುವೈನಿ. ಮಂಗೋಲರು ಒಂದು ಖಾಲಿ ಬೀಡಿಗೆ ನುಗ್ಗಿದಾಗ ಅಲ್ಲಿ ಉಳಿದಿದ್ದವಳು ಕಾಯಿಲೆ ಬಿದ್ದ ಒಬ್ಬ ಮುದುಕಿ. ಬಚ್ಮನ್ ನದಿ ನಡುವಿನ ದ್ವೀಪಕ್ಕೆ ಹೋದ ಅಂತ ಅವಳಿಂದ ಗೊತ್ತಾಯಿತು. ದಾಟಲು ದೋಣಿ ಇರಲಿಲ್ಲ. ಅಷ್ಟರಲ್ಲಿ ಜೋರು ಗಾಳಿ ಎದ್ದು ನೀರು ಸರಿದು ದಾರಿ ಬಿಟ್ಟಿತಂತೆ. ಬಚ್ಮನ್ ಸಿಕ್ಕಿಬಿದ್ದ, ಕೊಂದರು.

ಇದೇ ಕುಲದಿಂದ ಬಂದ ತುತುಹ ಅನ್ನುವವನು ಮುಂದೆ ಚೀನಾ ಆಳಿದ ಮಂಗೋಲ್ ದೊರೆ ಕುಬ್ಲಾಯ್ ಖಾನನ ಕಿಪ್ಚಾಕ್ ಕಾವಲು ಪಡೆಯ ದಂಡನಾಯಕನಾದ. ಮಂಗೋಲರು ಹಿಡಿದು ಮಾರಿದ ಇದೇ ಕುಲದ ಬಲ್ಬನ್ ಬಾಗ್ದಾದ್, ಗುಜರಾತ್ ದಾಟಿ ದೆಹಲಿಗೆ ಬಂದು 1266ರಲ್ಲಿ ಸುಲ್ತಾನನಾದ, ಅದೇ ಮಂಗೋಲರಿಗೆ ಗಡಿಯಲ್ಲಿ ಅಡ್ಡ ನಿಂತ. ಒಂದು ಕುಲ, ಮೂರು ದಿಕ್ಕು.

ಇಲ್ತಮಶ್‌ನನ್ನು ಮಾರಿದವರು ಮಾತ್ರ ಅವನ ಅಣ್ಣತಮ್ಮಂದಿರೇ. ಕುದುರೆ ತೋರಿಸುತ್ತೇವೆ ಬಾ ಅಂತ ಕರೆದುಕೊಂಡು ಹೋಗಿ ವ್ಯಾಪಾರಿಗೆ ಕೊಟ್ಟುಬಿಟ್ಟರು ಅಂತ ಆ ಕಾಲದ ಇತಿಹಾಸಕಾರ ಜುಜ್ಜಾನಿ ಬರೆದಿದ್ದಾನೆ. ಬುಖಾರಾದಲ್ಲಿ ಯಜಮಾನನ ಮನೆಯವರು ಹುಡುಗನ ಕೈಗೆ ಒಂದು ನಾಣ್ಯ ಕೊಟ್ಟು ದ್ರಾಕ್ಷಿ ತರಲು ಕಳಿಸಿದರು. ದಾರಿಯಲ್ಲಿ ನಾಣ್ಯ ಕಳೆದುಹೋಯಿತು. ಹುಡುಗ ಹೆದರಿ ಅಳುತ್ತಾ ನಿಂತ. ಒಬ್ಬ ಫಕೀರ ಅವನ ಕೈ ಹಿಡಿದು ದ್ರಾಕ್ಷಿ ಕೊಡಿಸಿ ಕಳಿಸಿದ. ಮೇಷ್ಟ್ರು ಇದನ್ನು ಹೇಳುವಾಗ ಕ್ಲಾಸಿನಲ್ಲಿ ಉಸಿರಿನ ಸದ್ದೂ ಇರಲಿಲ್ಲ. ಅಲ್ಲಿವರೆಗೆ ನಮ್ಮ ಪಾಲಿಗೆ ತುರ್ಕರು ಖೈಬರ್ ಕಣಿವೆ ದಾಟಿದ ಮೇಲೆ ಹುಟ್ಟಿದವರು. ಅವರಿಗೂ ಒಂದು ಊರು, ಒಂದು ಹುಲ್ಲುಗಾವಲು, ಬಿಟ್ಟು ಬಂದ ಅಪ್ಪ ಅಮ್ಮ ಇದ್ದರು ಅಂತ ಆ ದಿನ ಗೊತ್ತಾಯಿತು.

ಮೇಷ್ಟ್ರಿಗೆ ಪದಗಳ ಹುಚ್ಚು ಹತ್ತಿದ್ದೂ ಗೋಲ್ಡನ್ ಅವರಿಂದಲೇ. 14ನೇ ಶತಮಾನದಲ್ಲಿ ಯೆಮನ್ನಿನ ರಸೂಲಿ ವಂಶದ ಒಬ್ಬ ದೊರೆ ಅರಬ್ಬಿ, ಪರ್ಷಿಯನ್, ತುರ್ಕಿ, ಗ್ರೀಕ್, ಅರ್ಮೇನಿಯನ್, ಮಂಗೋಲ್ ಹೀಗೆ ಆರು ಭಾಷೆಯ ಪದಕೋಶ ಮಾಡಿಸಿದ್ದ. ಅದನ್ನು ಗೋಲ್ಡನ್ ಸಂಪಾದಿಸಿ 2000ದಲ್ಲಿ ಹೊರತಂದರು. ಮೇಷ್ಟ್ರು ಅದರ ಸುದ್ದಿ ಎತ್ತಿದರೆ ಗಂಟೆ ಹೊಡೆದದ್ದೂ ಅವರಿಗೆ ಕೇಳುತ್ತಿರಲಿಲ್ಲ. ಒಂದು ದಿನ ಕಾರಿಡಾರಿನಲ್ಲಿ ವಿದ್ಯಾರ್ಥಿ ಸಂಘದ ಖಜಾಂಚಿಯನ್ನು ನಿಲ್ಲಿಸಿಕೊಂಡು, "ನಿನ್ನ ಹುದ್ದೆಯ ಕೊನೇ ಅಕ್ಷರ ಎಲ್ಲಿಂದ ಬಂತು ಗೊತ್ತೇನಪ್ಪಾ?" ಅಂದರು. ಆ 'ಚಿ' ತುರ್ಕಿಯದು. ನಮ್ಮ 'ಗಾರ' ಇದ್ದ ಹಾಗೆ. ಹಳೆಯ ತುರ್ಕಿಯಲ್ಲಿ ಬಿತಿಗ್ ಅಂದರೆ ಬರಹ, ಬಿತಿಗ್‌ಚಿ ಅಂದರೆ ಬರಹಗಾರ.

ಮೇಷ್ಟ್ರು ನಿವೃತ್ತರಾದ ದಿನ ಆ ಜೆರಾಕ್ಸ್ ಕಟ್ಟನ್ನು ನನಗೆ ಕೊಟ್ಟರು. ನಾನೀಗ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಸುಲ್ತಾನರ ಪಾಠ ಬಂದಾಗ ಹಿಂದಿನ ರಾತ್ರಿ ಅದನ್ನು ತೆಗೆದು ನೋಡುತ್ತೇನೆ. ಹಾಳೆಗಳು ಹಳದಿಯಾಗಿವೆ, ಪಿನ್ನು ತುಕ್ಕು ಹಿಡಿದಿದೆ. ಅಂಚಿನ ತುಂಬ ಅವರ ಪೆನ್ಸಿಲ್ ಬರಹ. ಬಚ್ಮನ್ ಹೆಸರಿನ ಪಕ್ಕದಲ್ಲಿ ಚಿಕ್ಕ ಅಕ್ಷರದಲ್ಲಿ ಹೀಗಿದೆ: "ಪಾಪ, ಆ ಮುದುಕಿ ಹೆಸರನ್ನ ಯಾರೂ ಬರೆದಿಲ್ಲ."